ಮೊದಲು ಮೂತಿ ನೋಡಿ, ಆಮೇಲೆ ಸ್ಕ್ರೀನ್

ಕ್ಯಾಮೆರಾ ಡ್ರೋನ್ ಹೊಸದಾಗಿ ಕೊಂಡವರ ಪ್ರಶ್ನೆಗಳಿಗೆ ಈ ಸಲ ಉತ್ತರ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿದ್ದೇನೆ.

ಪ್ರಶ್ನೆ: ಪೆಟ್ಟಿಗೆ ಬಿಚ್ಚಿ, ಬ್ಯಾಟರಿ ಹಾಕಿ, ಬಟನ್ ಒತ್ತಿದರೆ ಡ್ರೋನ್ ಆನ್ ಆಗುತ್ತಲೇ ಇಲ್ಲ. ಕೆಟ್ಟ ಪೀಸು ಬಂದಿದೆಯೇ? ಹಾರಿಸುವ ಮುಂಚೆ ಏನೇನು ಸಿದ್ಧ ಮಾಡಿಕೊಳ್ಳಬೇಕು?

ಕೆಟ್ಟಿರುವ ಸಾಧ್ಯತೆ ಕಡಿಮೆ. ಸಾಗಣೆಯಲ್ಲಿ ಅಪಾಯ ಆಗದಿರಲೆಂದು ಎಷ್ಟೋ ಕಂಪನಿಗಳು ಬ್ಯಾಟರಿಯನ್ನು ನಿದ್ದೆಗೆ ಹಾಕಿಯೇ ಕಳಿಸುತ್ತವೆ. ಒಮ್ಮೆ ಚಾರ್ಜರಿಗೆ ಸಿಕ್ಕಿಸಿದರೆ ಎಚ್ಚರವಾಗುತ್ತದೆ. ಇನ್ನೊಂದು, ಬಹಳಷ್ಟು ಡ್ರೋನ್‌ಗಳಲ್ಲಿ ಬಟನ್ ಒಂದು ಸಲ ಒತ್ತಿದರೆ ಬ್ಯಾಟರಿ ಎಷ್ಟಿದೆ ಎಂದಷ್ಟೇ ತೋರಿಸುತ್ತದೆ. ಆನ್ ಆಗಬೇಕಾದರೆ ಒಮ್ಮೆ ಒತ್ತಿ ಬಿಟ್ಟು, ಮತ್ತೆ ಒತ್ತಿ ಹಿಡಿಯಬೇಕು.

ಸಾಫ್ಟ್‌ವೇರ್ ಅಪ್‌ಡೇಟ್ ಮನೆಯಲ್ಲೇ ಮುಗಿಸಿಕೊಳ್ಳಿ. ಡ್ರೋನ್, ರಿಮೋಟ್, ಕೆಲವೊಮ್ಮೆ ಪ್ರತಿಯೊಂದು ಬ್ಯಾಟರಿ ಕೂಡ ಅಪ್‌ಡೇಟ್ ಕೇಳುತ್ತದೆ. ನೆಟ್‌ವರ್ಕ್ ಸಿಗದ ಬಯಲಿಗೆ ಹೋದಮೇಲೆ ಅದು ಕೇಳಿದರೆ ಆ ದಿನ ಹಾರಾಟ ಇಲ್ಲ. ಮೆಮೊರಿ ಕಾರ್ಡ್ ಮೇಲೆ ಯು3 ಅಥವಾ ವಿ30 ಎಂಬ ಗುರುತು ಇರಲಿ. ನಿಧಾನದ ಕಾರ್ಡ್ ಹಾಕಿದರೆ 4ಕೆ ರೆಕಾರ್ಡಿಂಗ್ ನಡುವೆಯೇ ನಿಂತುಬಿಡುತ್ತದೆ. ಕ್ಯಾಮೆರಾ ಮುಂದಿನ ಪಾರದರ್ಶಕ ಮುಚ್ಚಳ, ಅಂದರೆ ಗಿಂಬಲ್ ಕವರ್, ಆನ್ ಮಾಡುವ ಮೊದಲೇ ತೆಗೆಯಿರಿ. ಗಿಂಬಲ್ ಅಂದರೆ ಕ್ಯಾಮೆರಾ ಅಲುಗದಂತೆ ಹಿಡಿದಿಡುವ ಭಾಗ. ಆನ್ ಆದ ಕೂಡಲೇ ಗಿಂಬಲ್ ತಲೆ ಆಡಿಸಿ ತನ್ನನ್ನು ಪರೀಕ್ಷಿಸಿಕೊಳ್ಳುತ್ತದೆ. ಮುಚ್ಚಳ ಅಡ್ಡ ಇದ್ದರೆ ಅದರ ಪುಟ್ಟ ಮೋಟರ್‌ಗಳು ಒದ್ದಾಡುತ್ತವೆ.

ಪ್ರೊಪೆಲರ್ ಹಾಕುವಾಗ ಮಾತ್ರ ಅವಸರ ಬೇಡ. ನಾಲ್ಕೂ ನೋಡಲು ಒಂದೇ ತರಹ ಇದ್ದರೂ ಎರಡು ಬಗೆ: ಎರಡು ಪ್ರದಕ್ಷಿಣವಾಗಿ ತಿರುಗುವವು, ಎರಡು ಅಪ್ರದಕ್ಷಿಣವಾಗಿ. ಕರ್ಣದ ಎದುರುಬದುರು ಮೂಲೆಗಳಲ್ಲಿರುವ ಜೋಡಿ ಒಂದೇ ದಿಕ್ಕಿಗೆ ತಿರುಗುತ್ತದೆ. ಸಾಮಾನ್ಯವಾಗಿ ಒಂದು ಜೋಡಿಯ ಬುಡದಲ್ಲಿ ಬಣ್ಣದ ಗೆರೆಯೋ ಉಂಗುರವೋ ಇರುತ್ತದೆ, ಅದೇ ಗುರುತು ಎರಡು ಮೋಟರ್‌ಗಳ ಮೇಲೂ ಇರುತ್ತದೆ. ಗುರುತಿಗೆ ಗುರುತು, ಗುರುತಿಲ್ಲದ್ದಕ್ಕೆ ಗುರುತಿಲ್ಲದ್ದು. ಅದಲು ಬದಲಾದರೆ ಆ ರೆಕ್ಕೆಗಳು ಗಾಳಿಯನ್ನು ಕೆಳಕ್ಕೆ ತಳ್ಳುವ ಬದಲು ಮೇಲಕ್ಕೆ ತಳ್ಳುತ್ತವೆ. ಡ್ರೋನ್ ನೆಲ ಬಿಡುವ ಹೊತ್ತಿಗೇ ಮಗುಚಿ ಬೀಳುತ್ತದೆ. 'ಮೊದಲ ಟೇಕಾಫ್‌ನಲ್ಲೇ ಪಲ್ಟಿ ಹೊಡೆಯಿತು' ಎಂದು ಬರೆದವರೆಲ್ಲ ಮೊದಲು ನೋಡಬೇಕಾದದ್ದು ಇದನ್ನೇ.

ಪ್ರಶ್ನೆ: ಆ್ಯಪ್ ಪದೇಪದೇ ದಿಕ್ಸೂಚಿ ಕ್ಯಾಲಿಬ್ರೇಟ್ ಮಾಡಿ, ಅಂದರೆ ಮತ್ತೆ ಸರಿಹೊಂದಿಸಿ, ಅನ್ನುತ್ತದೆ. ತಾರಸಿ ಮೇಲೆ ನಿಂತು ಮಾಡಿದೆ, ಮತ್ತೆ ಅದೇ ಸಂದೇಶ. ಜಿಪಿಎಸ್ ಇರುವಾಗ ದಿಕ್ಸೂಚಿ ಯಾಕೆ ಬೇಕು?

ತೊಂದರೆ ಇರುವುದು ತಾರಸಿಯಲ್ಲೇ. ಕಾಂಕ್ರೀಟಿನ ಒಳಗಿನ ಕಬ್ಬಿಣದ ಸರಳುಗಳು ದಿಕ್ಸೂಚಿಯನ್ನು ದಾರಿ ತಪ್ಪಿಸುತ್ತವೆ. ನಿಲ್ಲಿಸಿದ ಕಾರು, ತಗಡಿನ ಶೀಟು, ಮೋರಿಯ ಕಬ್ಬಿಣದ ಮುಚ್ಚಳ ಕೂಡ ಅದೇ ಕೆಲಸ ಮಾಡುತ್ತವೆ. ಬಯಲಿಗೆ ಹೋಗಿ, ಜೇಬಿನಲ್ಲಿರುವ ಕೀಲಿಗೊಂಚಲು ತೆಗೆದಿಟ್ಟು ಮಾಡಿ.

ನಿಮ್ಮ ಎರಡನೇ ಪ್ರಶ್ನೆ ಸರಿಯಾದ ಪ್ರಶ್ನೆ. ಡ್ರೋನ್ ಎಲ್ಲಿದೆ ಎಂದು ಜಿಪಿಎಸ್ ಹೇಳುತ್ತದೆ, ಆದರೆ ನಿಂತಲ್ಲೇ ನಿಂತಿರುವಾಗ ಅದರ ಮೂತಿ ಯಾವ ಕಡೆಗಿದೆ ಎಂದು ಹೇಳುವುದಿಲ್ಲ. ಅದು ದಿಕ್ಸೂಚಿಯ ಕೆಲಸ. ಈಗ ಗಾಳಿ ಡ್ರೋನನ್ನು ಪೂರ್ವಕ್ಕೆ 1 ಮೀಟರ್ ತಳ್ಳಿತು ಅನ್ನಿ. ಪಶ್ಚಿಮಕ್ಕೆ 1 ಮೀಟರ್ ಸರಿಯಬೇಕು ಎಂದು ಅದಕ್ಕೆ ಗೊತ್ತಾಗುತ್ತದೆ. ಆದರೆ ದಿಕ್ಸೂಚಿ ತಪ್ಪು ತೋರಿಸುತ್ತಿದ್ದರೆ ಅದು ಪಶ್ಚಿಮ ಅಂದುಕೊಂಡು ನೈಋತ್ಯಕ್ಕೆ ಸರಿಯುತ್ತದೆ. ಮತ್ತೆ ತಿದ್ದಲು ಹೋಗುತ್ತದೆ, ಮತ್ತೆ ತಪ್ಪುತ್ತದೆ. ಹೊರಗಿನಿಂದ ನೋಡುವವರಿಗೆ ಅದು ದೊಡ್ಡದಾಗುತ್ತ ಹೋಗುವ ಸುತ್ತುಗಳಾಗಿ ಕಾಣುತ್ತದೆ. ಹಾರಿಸುವವರ ಮಾತಿನಲ್ಲಿ ಇದಕ್ಕೆ 'ಟಾಯ್ಲೆಟ್ ಬೌಲ್' ಅಂತಲೇ ಹೆಸರು. ಹೆಸರು ಚೆನ್ನಾಗಿಲ್ಲ, ಆದರೆ ಚಿತ್ರ ಸರಿಯಾಗಿದೆ. ಹೀಗೆ ಸುತ್ತತೊಡಗಿದರೆ ವಾಪಸ್ ಬರುವ ಬಟನ್ ಒತ್ತಬೇಡಿ, ಅದೂ ನಂಬುವುದು ಇದೇ ದಿಕ್ಸೂಚಿಯನ್ನು. ಹತ್ತಿರದ ಖಾಲಿ ಜಾಗ ನೋಡಿ ಕೈಯಾರೆ ಇಳಿಸಿ.

ಹಾಗೆಂದು ಪ್ರತಿ ಸಲ ಕ್ಯಾಲಿಬ್ರೇಟ್ ಮಾಡುತ್ತ ಕೂರಬೇಕಿಲ್ಲ. ಆ್ಯಪ್ ಕೇಳಿದಾಗ, ಬಹಳ ದೂರದ ಊರಿಗೆ ಒಯ್ದಾಗ ಮಾಡಿದರೆ ಸಾಕು. ಕೇಳಿದಾಗಲೂ ಮೊದಲು ಹತ್ತು ಹೆಜ್ಜೆ ಸರಿದು ನಿಂತು ನೋಡಿ, ಸಂದೇಶ ತಾನಾಗಿಯೇ ಹೋಗಿದ್ದರೆ ಡ್ರೋನ್‌ಗೆ ಏನೂ ಆಗಿಲ್ಲ.

ಪ್ರಶ್ನೆ: ಡ್ರೋನ್ ನನ್ನಿಂದ ಆಚೆ ಹೋಗುವಾಗ ಎಲ್ಲ ಸರಿ. ನನ್ನ ಕಡೆ ತಿರುಗಿದ ಕೂಡಲೇ ಎಡಕ್ಕೆ ತಳ್ಳಿದರೆ ಬಲಕ್ಕೆ ಹೋಗುತ್ತದೆ, ಕೈ ತಡಬಡಾಯಿಸುತ್ತದೆ. ಮೊನ್ನೆ ಹೀಗೇ ಪೊದೆಗೆ ನುಗ್ಗಿತು. ರೂಢಿ ಮಾಡಿಕೊಳ್ಳುವುದು ಹೇಗೆ?

ಡ್ರೋನ್ ಹಾರಿಸಲು ಕಲಿಯುವುದು ಅಂದರೆ ಮುಕ್ಕಾಲು ಪಾಲು ಇದೇ. ಗಾಳಿಯಲ್ಲಿ ನಿಂತಲ್ಲಿ ನಿಲ್ಲುವುದು, ಎತ್ತರ ಕಾಯ್ದುಕೊಳ್ಳುವುದು ಇವೆಲ್ಲ ಈಗಿನ ಡ್ರೋನ್‌ಗೆ ತಾನಾಗಿಯೇ ಬರುತ್ತವೆ. ಅದಕ್ಕೆ ಗೊತ್ತಿಲ್ಲದ್ದು ನೀವು ಎಲ್ಲಿ ನಿಂತಿದ್ದೀರಿ, ನಿಮ್ಮ ಎಡಗೈ ಯಾವ ಕಡೆ ಎಂಬುದು. ರಿಮೋಟಿನ ಸ್ಟಿಕ್ ಹೇಳುವುದು ಯಾವಾಗಲೂ ಡ್ರೋನಿನ ಎಡ, ಡ್ರೋನಿನ ಬಲ.

ಮೊದಲು ಸೆಟ್ಟಿಂಗ್‌ನಲ್ಲಿ ಸ್ಟಿಕ್ 'ಮೋಡ್ 2' ಇದೆಯೇ ನೋಡಿ. ಹೆಚ್ಚಿನವರು ಬಳಸುವುದು ಅದನ್ನೇ: ಎಡಗಡೆಯ ಸ್ಟಿಕ್ ಮೇಲೆ ಕೆಳಗೆ ಮಾಡಿದರೆ ಎತ್ತರ, ಅಕ್ಕಪಕ್ಕ ಮಾಡಿದರೆ ಮೂತಿ ತಿರುಗುವುದು, ಬಲಗಡೆಯದು ಮುಂದೆ, ಹಿಂದೆ, ಎಡಕ್ಕೆ, ಬಲಕ್ಕೆ ಸಾಗಿಸಲು. ಬೇರೆಯವರು ಬಳಸಿದ ಡ್ರೋನ್ ಕೊಂಡಿದ್ದರೆ ಇದನ್ನು ನೋಡಲೇಬೇಕು.

ಬಯಲಿನ ನಡುವೆ, ಗಾಳಿ ಕಡಿಮೆ ಇರುವ ಬೆಳಗಿನ ಹೊತ್ತು, ಡ್ರೋನಿನ ಬೆನ್ನು ನಿಮ್ಮ ಕಡೆಗಿಟ್ಟು ಎಬ್ಬಿಸಿ. 2 ಮೀಟರ್ ಎತ್ತರಕ್ಕೆ ಒಯ್ಯಿರಿ. ಭಯಕ್ಕೆ ಮೊಣಕಾಲಿನ ಮಟ್ಟದಲ್ಲೇ ಇಟ್ಟುಕೊಂಡರೆ ಅದರದೇ ಗಾಳಿ ನೆಲಕ್ಕೆ ಬಡಿದು ಬಂದು ಅದನ್ನು ಅಲುಗಾಡಿಸುತ್ತಿರುತ್ತದೆ. ಬಲ ಸ್ಟಿಕ್ಕನ್ನು ಚೂರೇ ಚೂರು ಮುಂದಕ್ಕೆ ತಳ್ಳಿ ಬಿಡಿ. ಬಿಟ್ಟಮೇಲೂ ಅದು ಎಷ್ಟು ದೂರ ಹೋಗಿ ನಿಲ್ಲುತ್ತದೆ ಎಂದು ಗಮನಿಸಿ. ಸ್ವಲ್ಪ ಹೆಚ್ಚು ತಳ್ಳಿ, ಮತ್ತೆ ಬಿಡಿ, ಮತ್ತೆ ನೋಡಿ. ಈ 'ಬಿಟ್ಟಮೇಲಿನ ದೂರ' ಬೆರಳಿಗೆ ಗೊತ್ತಾಗುವವರೆಗೂ ಬೇರೆ ಯಾವ ಆಟವೂ ಬೇಡ.

ಆಮೇಲೆ ಮೂತಿ ತಿರುಗಿಸದೆ ಒಂದು ಚೌಕ ಹಾರಿಸಿ. ಅದು ಸಲೀಸಾದಮೇಲೆ ಮೂತಿಯನ್ನು ಬಲಕ್ಕೆ 90 ಡಿಗ್ರಿ ತಿರುಗಿಸಿ ಅದೇ ಚೌಕ, ಎಡಕ್ಕೆ ತಿರುಗಿಸಿ ಅದೇ ಚೌಕ. ಕೊನೆಗೆ ಮೂತಿ ನಿಮ್ಮ ಮುಖಕ್ಕೆ ಎದುರಾಗಿ. ನೀವು ಎಡವುತ್ತಿರುವುದು ಇಲ್ಲೇ. ಇದಕ್ಕೆ ರಿಮೋಟ್ ವಿಮಾನ ಹಾರಿಸುವವರ ಹಳೆಯ ಉಪಾಯವೊಂದಿದೆ. ಡ್ರೋನ್ ನಿಮಗೆ ಎದುರಾಗಿದ್ದು, ನಿಮ್ಮ ಕಣ್ಣಿಗೆ ಬಲಕ್ಕೆ ಜರುಗುತ್ತಿದ್ದರೆ ಸ್ಟಿಕ್ಕನ್ನೂ ಬಲಕ್ಕೇ ತಳ್ಳಿ, ನಿಲ್ಲುತ್ತದೆ. ವಾಲುವ ಗೋಡೆಗೆ ಅದು ವಾಲುವ ಕಡೆಯೇ ಊರುಗೋಲು ಕೊಟ್ಟ ಹಾಗೆ. ಎಡ ಬಲ ಎಂದು ಮನಸ್ಸಿನಲ್ಲಿ ಲೆಕ್ಕ ಹಾಕುತ್ತ ಕೂರುವುದಕ್ಕಿಂತ ಇದು ಬೇಗ ಕೈಗೆ ಬರುತ್ತದೆ. ಇದಾದಮೇಲೆ ಪ್ರತಿ ಮೂಲೆಯಲ್ಲೂ ಮೂತಿ ತಿರುಗಿಸುತ್ತ ಹೋಗುವ ಚೌಕ, ಕೊನೆಗೆ ಎರಡೂ ಸ್ಟಿಕ್ ಒಟ್ಟಿಗೆ ಆಡಿಸಿ ಎಂಟರ ಆಕಾರ.

ಈ ಅಭ್ಯಾಸವನ್ನೆಲ್ಲ ಡ್ರೋನನ್ನೇ ನೋಡುತ್ತ ಮಾಡಬೇಕು, ಸ್ಕ್ರೀನ್ ನೋಡುತ್ತ ಅಲ್ಲ. ಸ್ಕ್ರೀನ್ ನೋಡಿ ಕಲಿತವರಿಗೆ ಎಡಬಲದ ಗೊಂದಲ ಕಾಡುವುದಿಲ್ಲ ನಿಜ. ಆದರೆ ಕ್ಯಾಮೆರಾ ಕಾಣುವುದು ಮುಂದಿನದನ್ನು ಮಾತ್ರ. ಹಿಂದಕ್ಕೆ ಸರಿಯುತ್ತ ಮರಕ್ಕೆ ಬಡಿಯುವುದು ಅಂಥವರೇ. ಅಡೆತಡೆ ಗುರುತಿಸುವ ಸೆನ್ಸರ್ ಇದೆಯಲ್ಲ ಎನ್ನುವವರಿಗೆ: ತಂತಿ, ಎಲೆ ಉದುರಿದ ಸಣ್ಣ ಕೊಂಬೆ, ಗಾಜು ಇವು ಅದರ ಕಣ್ಣಿಗೆ ಬೀಳದೆ ಹೋಗಬಹುದು. ಎಷ್ಟೋ ಮಾದರಿಗಳಲ್ಲಿ ವೇಗವಾಗಿ ಹಾರಿಸುವ ಸ್ಪೋರ್ಟ್ ಮೋಡ್‌ಗೆ ಹಾಕಿದರೆ ಆ ಸೆನ್ಸರ್ ಕೆಲಸವೇ ಮಾಡುವುದಿಲ್ಲ. ನೀರಿನ ಮೇಲೆ ತೀರ ತಗ್ಗಿನಲ್ಲಿ ಹಾರಿಸಿದರೆ ನೆಲ ನೋಡುವ ಸೆನ್ಸರ್ ಕೂಡ ಅಲೆಗಳನ್ನು ಕಂಡು ಗಲಿಬಿಲಿಗೊಳ್ಳುತ್ತದೆ.

ಗಾಬರಿಯಾದಾಗ ಸ್ಟಿಕ್ ಬಿಟ್ಟುಬಿಡಿ. ಜಿಪಿಎಸ್ ಹಿಡಿದಿರುವ ಡ್ರೋನ್ ತಾನೇ ನಿಲ್ಲುತ್ತದೆ. ಏನಾದರೂ ಮಾಡಲೇಬೇಕು ಎಂದು ಹೆಬ್ಬೆರಳು ಹೋಗಿ ಒತ್ತುವುದರಿಂದಲೇ ಹೆಚ್ಚು ಅನಾಹುತ ಆಗುವುದು.

ಪ್ರಶ್ನೆ: ವಾಪಸ್ ಬರುವ ಬಟನ್ ಇರುವಾಗ ದೂರ ಕಳಿಸಲು ಹೆದರಬೇಕೇ?

ಹೆದರಬೇಡಿ, ಆದರೆ ಆ ಬಟನ್ ಏನು ಮಾಡುತ್ತದೆ ಎಂದು ತಿಳಿದಿರಲಿ. ಡ್ರೋನ್ ಮೊದಲು ನೀವು ಗೊತ್ತುಮಾಡಿದ ಎತ್ತರಕ್ಕೆ ಏರುತ್ತದೆ, ಆಮೇಲೆ ಹೋಮ್ ಪಾಯಿಂಟ್ ಕಡೆಗೆ, ಅಂದರೆ ತಾನು ಮನೆ ಎಂದು ದಾಖಲಿಸಿಕೊಂಡ ಜಾಗಕ್ಕೆ, ಬರುತ್ತದೆ. ಆ ಎತ್ತರ 20 ಮೀಟರ್ ಎಂದಿದ್ದು ದಾರಿಯಲ್ಲಿ 25 ಮೀಟರಿನ ಮರವಿದ್ದರೆ, ಸೆನ್ಸರ್ ಇಲ್ಲದ ಡ್ರೋನ್ ಮರಕ್ಕೇ ಬರುತ್ತದೆ. ಸುತ್ತಲಿನ ಅತಿ ಎತ್ತರದ ವಸ್ತುವಿಗಿಂತ 15-20 ಮೀಟರ್ ಹೆಚ್ಚು ಇಡಿ, ಜಾಗ ಬದಲಾದಾಗಲೆಲ್ಲ ನೋಡಿಕೊಳ್ಳಿ. ಡ್ರೋನ್ ಚಾವಣಿಯ ಕೆಳಗೋ ಕೊಂಬೆಯ ಕೆಳಗೋ ಇರುವಾಗ ಈ ಬಟನ್ ಮುಟ್ಟಲೇಬೇಡಿ.

ಹೋಮ್ ಪಾಯಿಂಟ್ ದಾಖಲಾಗುವುದು ಸಾಕಷ್ಟು ಉಪಗ್ರಹಗಳು ಸಿಕ್ಕಮೇಲೆ. ಅಷ್ಟು ಹೊತ್ತು ಕಾಯದೆ ಹಾರಿಸಿದರೆ ಅದು ನೀವು ನಿಂತ ಜಾಗ ಬಿಟ್ಟು ದಾರಿ ನಡುವಿನ ಎಲ್ಲೋ ಒಂದು ಬಿಂದುವನ್ನು ಮನೆ ಅಂದುಕೊಂಡೀತು.

ಬಟನ್ ಗೆಲ್ಲಲಾಗದ್ದು ಗಾಳಿಯನ್ನು. ನಿಮ್ಮ ಡ್ರೋನ್ ಸೆಕೆಂಡಿಗೆ 10 ಮೀಟರ್ ಹೋಗುತ್ತದೆ, ಗಾಳಿ ಸೆಕೆಂಡಿಗೆ 6 ಮೀಟರ್ ಬೀಸುತ್ತಿದೆ ಅನ್ನಿ. ಗಾಳಿಯ ಜೊತೆ 1 ಕಿಲೋಮೀಟರ್ ಹೋಗಲು ಹೆಚ್ಚುಕಡಿಮೆ 1 ನಿಮಿಷ ಸಾಕು. ಎದುರುಗಾಳಿಯಲ್ಲಿ ವಾಪಸ್ ಬರಲು 4 ನಿಮಿಷಕ್ಕಿಂತ ಹೆಚ್ಚು ಬೇಕು. ನೆಲದ ಮೇಲೆ ಎಲೆ ಅಲ್ಲಾಡದಿದ್ದರೂ 60 ಮೀಟರ್ ಮೇಲೆ ಗಾಳಿ ಜೋರಾಗಿರಬಹುದು. ಅದಕ್ಕೇ ಹೋಗುವಾಗ ಗಾಳಿಗೆ ಎದುರಾಗಿ ಹೋಗಿ, ಬರುವಾಗ ಅದೇ ತಳ್ಳಿಕೊಂಡು ಬರಲಿ. ಬ್ಯಾಟರಿ 30 ಶೇಕಡಕ್ಕೆ ಬಂದಾಗ ಡ್ರೋನ್ ನಿಮ್ಮ ಹತ್ತಿರ ಇರಬೇಕು, ಹೊರಡುತ್ತಿರುವುದಲ್ಲ.

ಇನ್ನು 'ದೂರ' ಅಂದರೆ ಎಷ್ಟು? ಹೆಚ್ಚಿನ ದೇಶಗಳ ನಿಯಮ ಕಣ್ಣಿಗೆ ಕಾಣುವಷ್ಟು, ಎತ್ತರ ಸುಮಾರು 120 ಮೀಟರ್ ಒಳಗೆ ಎನ್ನುತ್ತದೆ. 250 ಗ್ರಾಂ ಒಳಗಿನ ಡ್ರೋನ್‌ಗಳಿಗೆ ಹಲವು ಕಡೆ ಒಂದಿಷ್ಟು ರಿಯಾಯಿತಿ ಇದೆ. ವಿಮಾನ ನಿಲ್ದಾಣದ ಸುತ್ತ ಅದಕ್ಕೂ ಇಲ್ಲ. ನೀವಿರುವಲ್ಲಿಯ ವಿಮಾನಯಾನ ಇಲಾಖೆಯ ನಕ್ಷೆ ನೋಡಿಯೇ ಹೊರಡಿ.

ಪ್ರಶ್ನೆ: ವಿಡಿಯೊ ಅಲುಗಾಡುತ್ತದೆ, ಒಮ್ಮೊಮ್ಮೆ ಜೆಲ್ಲಿಯ ಹಾಗೆ ನಡುಗುತ್ತದೆ. ಕ್ಯಾಮೆರಾ ದೋಷವೇ?

ನಡುಗುವುದಾದರೆ ಪ್ರೊಪೆಲರ್ ಅಂಚಿನ ಮೇಲೆ ಉಗುರು ಆಡಿಸಿ ನೋಡಿ. ಕಣ್ಣಿಗೆ ಕಾಣದ ಕಚ್ಚು ಉಗುರಿಗೆ ಸಿಗುತ್ತದೆ. ಸಿಕ್ಕಿದರೆ ಆ ರೆಕ್ಕೆ ಬದಲಾಯಿಸಿ, ಅಂಟು ಹಾಕಿ ಸಾಗಿಸಬೇಡಿ. ಬರೀ ಎಗರಾಟವಾದರೆ ದೋಷ ಕೈಯದು: ಚಲನೆಯನ್ನು ನಿಧಾನವಾಗಿಸುವ ಸಿನೆ ಮೋಡ್ ಇದ್ದರೆ ಹಾಕಿಕೊಳ್ಳಿ, ಒಂದು ಶಾಟ್‌ನಲ್ಲಿ ಒಂದೇ ಚಲನೆ ಸಾಕು. ಸೆಕೆಂಡಿಗೆ 25 ಫ್ರೇಮ್ ಇಟ್ಟರೆ ಶಟರ್ ವೇಗ 1/50 ಸೆಕೆಂಡ್ ಇರಲಿ. ಬಿಸಿಲಿಗೆ ಚಿತ್ರ ಬೆಳ್ಳಗಾಗುತ್ತದಾದರೆ ಎನ್‌ಡಿ ಫಿಲ್ಟರ್, ಅಂದರೆ ಬೆಳಕು ತಗ್ಗಿಸುವ ಗಾಜು, ಬೇಕಾಗುತ್ತದೆ.

ಪ್ರಶ್ನೆ: ಕೆಲವು ತಿಂಗಳು ಹಾರಿಸಲಿಲ್ಲ. ಈಗ ನೋಡಿದರೆ ಒಂದು ಬ್ಯಾಟರಿ ಸ್ವಲ್ಪ ಉಬ್ಬಿದೆ. ಒಂದೆರಡು ಸಲ ಬಳಸಬಹುದೇ?

ಬೇಡ, ಒಂದು ಸಲವೂ ಬೇಡ. ಒಳಗೆ ಅನಿಲ ತುಂಬಿಕೊಂಡಿದೆ ಎಂದರ್ಥ. ಚಾರ್ಜಿಗೂ ಹಾಕಬೇಡಿ, ಚುಚ್ಚಬೇಡಿ, ಮನೆಯ ಕಸಕ್ಕೆ ಎಸೆಯಬೇಡಿ. ಬೆಂಕಿ ಹತ್ತದ ಡಬ್ಬಿಯಲ್ಲಿ ಹಾಕಿ ಬ್ಯಾಟರಿ ಮರಳಿ ಪಡೆಯುವ ಇ-ತ್ಯಾಜ್ಯ ಕೇಂದ್ರಕ್ಕೆ ಕೊಡಿ. ಉಳಿದವನ್ನು ಪೂರ್ತಿ ತುಂಬಿಸಿಯೂ ಪೂರ್ತಿ ಖಾಲಿ ಮಾಡಿಯೂ ಇಡದೆ 50-60 ಶೇಕಡದಲ್ಲಿ, ಬಿಸಿಲು ತಾಗದ ಕಡೆ ಇಡಿ. ಎರಡು ಮೂರು ತಿಂಗಳಿಗೊಮ್ಮೆ ತೆಗೆದು ನೋಡಿ, ಇಳಿದಿದ್ದರೆ ಮತ್ತೆ ಅಷ್ಟೇ ತುಂಬಿಸಿ.