ಪುಕ್ಕಟೆ ಕರೆಂಟು ಇರುವಾಗ ಸೋಲಾರ್ ಯಾಕೆ?

ನಾಗಮಂಗಲ ತಾಲ್ಲೂಕಿನ ಹಳ್ಳಿಯೊಂದರಿಂದ ನಿವೃತ್ತ ಮೇಷ್ಟ್ರೊಬ್ಬರು ನಾಲ್ಕು ಪುಟದ ಕಾಗದ ಬರೆದಿದ್ದಾರೆ. ಹೋದ ಸಂಚಿಕೆಯಲ್ಲಿ ಮೈಸೂರಿನ ಸೋಲಾರ್ ಮನೆಗಳ ಬಗ್ಗೆ ಬಂದ ಲೇಖನ ಓದಿ ಅವರಿಗೆ ಸಿಟ್ಟು ಬಂದಿದೆ. ಕಾಗದದ ಸಾರ ಇಷ್ಟು: "ಸರ್ಕಾರ 200 ಯೂನಿಟ್ ಪುಕ್ಕಟೆ ಕೊಡುವಾಗ ನಾನ್ಯಾಕೆ ಲಕ್ಷಗಟ್ಟಲೆ ಸುರಿದು ಸೋಲಾರ್ ಹಾಕಿಸಲಿ? ಮೈಸೂರಿನಲ್ಲಿರುವ ಮಗ ದಿನಾ ಫೋನ್ ಮಾಡಿ ತಲೆ ತಿನ್ನುತ್ತಾನೆ. ನೆಂಟರ ಮನೆಯಲ್ಲಿ ಸೋಲಾರ್ ಇದ್ದೂ ಕರೆಂಟು ಹೋದರೆ ಫ್ಯಾನು ನಿಲ್ಲುತ್ತದೆ. ಇದೆಂಥ ಮೋಸ? ಎಲ್ಲೋ ದೂರದಲ್ಲಿ ಕರೆಂಟು ಹುಟ್ಟಿದರೆ ನಮಗೇನು ಬಂತು? ಇಷ್ಟಕ್ಕೂ ಈ ಹೊಸ ತಂತ್ರಜ್ಞಾನದಿಂದ ನಮ್ಮ ಹಳ್ಳಿಯಲ್ಲಿ ಏನು ಬದಲಾಗಿದೆ, ತೋರಿಸಿ ನೋಡೋಣ."

ಮೇಷ್ಟ್ರೇ, ನಮಸ್ಕಾರ.

ಮೊದಲನೆಯದಕ್ಕೆ ನೇರವಾಗಿ ಹೇಳಿಬಿಡುತ್ತೇನೆ: ಹಾಕಿಸಬೇಡಿ. ನಿಮ್ಮ ಮನೆಯಲ್ಲಿ ತಿಂಗಳಿಗೆ ಎಪ್ಪತ್ತು ಯೂನಿಟ್ ದಾಟುವುದಿಲ್ಲ ಎಂದು ನೀವೇ ಬರೆದಿದ್ದೀರಿ. ಗೃಹಜ್ಯೋತಿಯಲ್ಲಿ ನಿಮಗೆ ಬರುವ ಬಿಲ್ಲು ಸೊನ್ನೆ. ಸೊನ್ನೆಯಲ್ಲಿ ಉಳಿತಾಯ ಮಾಡುವುದು ಯಾವ ಪ್ಯಾನೆಲ್‌ಗೂ ಆಗದ ಕೆಲಸ. ಕೇಂದ್ರದ ಸೂರ್ಯಘರ್ ಯೋಜನೆಯಲ್ಲಿ ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000, ಒಟ್ಟು 78,000 ರೂಪಾಯಿವರೆಗೆ ಸಬ್ಸಿಡಿ ಇದೆ, ನಿಜ. ಆದರೆ ಸಬ್ಸಿಡಿ ಇದೆ ಅಂತ ಬೇಡದ ವಸ್ತು ತಂದರೆ ಮಿಕ್ಕ ದುಡ್ಡು ಹೋಗುವುದು ನಿಮ್ಮ ಜೇಬಿನಿಂದಲೇ ಅಲ್ವಾ?

ಹಾಗಂತ ನಿಮ್ಮ ಮಗನಿಗೆ ಬುದ್ಧಿಯಿಲ್ಲ ಅನ್ನಬೇಡಿ. ಅವರ ಮನೆಯ ಲೆಕ್ಕವೇ ಬೇರೆ. ಗೀಸರು, ವಾಷಿಂಗ್ ಮಷೀನು, ಇಂಡಕ್ಷನ್ ಒಲೆ, ಇತ್ತೀಚೆಗೆ ಕೊಂಡ ಎಲೆಕ್ಟ್ರಿಕ್ ಸ್ಕೂಟರು, ಎಲ್ಲಾ ಇದೆ ಎಂದು ಬರೆದಿದ್ದೀರಿ. ಎರಡು ಕಿಲೋವ್ಯಾಟಿನ ಗೀಸರು ಅರ್ಧ ಗಂಟೆ ಉರಿದರೆ ಒಂದು ಯೂನಿಟ್ ಹೋಯಿತು. ಇಷ್ಟೆಲ್ಲ ಇರುವ ಮನೆ 200 ಯೂನಿಟ್ ದಾಟುವುದು ಸುಲಭ. ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು, ಹೆಚ್ಚಾದಷ್ಟಕ್ಕೆ ಮಾತ್ರ ಅಲ್ಲ. ಅಂಥವರಿಗೆ ಮೂರು ಕಿಲೋವ್ಯಾಟ್ ಸೋಲಾರ್ ಲಾಭವೇ. ನಮ್ಮ ಕಡೆಯ ಬಿಸಿಲಿಗೆ ಒಂದು ಕಿಲೋವ್ಯಾಟಿನಿಂದ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಬರುತ್ತದೆ. ಮಹಡಿಯ ಮೇಲೆ ನೆರಳು ಬೀಳದ ಮುನ್ನೂರು ಚದರಡಿ ಜಾಗ ಇದೆಯೋ ಇಲ್ಲವೋ, ಅದನ್ನು ಅವರು ಮೊದಲು ನೋಡಿಕೊಳ್ಳಲಿ. ಪಕ್ಕದ ಸೈಟಿನವರು ನಾಳೆ ಮೂರನೇ ಮಹಡಿ ಎಬ್ಬಿಸಿದರೆ ಬಿಸಿಲಿಗೆ ಯಾರನ್ನು ಕೇಳುವುದು!

ಇನ್ನು ನೆಂಟರ ಮನೆಯ ಫ್ಯಾನು. ಮೋಸ ಅಲ್ಲ ಮೇಷ್ಟ್ರೇ. ಮಾರುವವರು ಮೊದಲೇ ಬಿಡಿಸಿ ಹೇಳಬೇಕಿತ್ತು, ಅಷ್ಟೇ. ಬ್ಯಾಟರಿಯಿಲ್ಲದ ಸೋಲಾರ್ ಇನ್ವರ್ಟರು ಬೀದಿಯ ಲೈನನ್ನು ನೋಡಿಕೊಂಡೇ ಕೆಲಸ ಮಾಡುತ್ತದೆ. ಲೈನಿನಲ್ಲಿ ಕರೆಂಟು ಹೋದ ಕೂಡಲೇ ತಾನೂ ನಿಲ್ಲುವ ಹಾಗೆ ಅದನ್ನು ಬೇಕೆಂದೇ ಮಾಡಿದ್ದಾರೆ. ಯಾಕೆ ಅಂತೀರಾ? ಕರೆಂಟು ಹೋಯಿತು ಅಂದರೆ ಎಲ್ಲೋ ಒಬ್ಬ ಲೈನ್‌ಮ್ಯಾನ್ ಕಂಬ ಹತ್ತಿರಬಹುದು. ಆ ಹೊತ್ತಿನಲ್ಲಿ ನಿಮ್ಮ ಮನೆಯ ಸೋಲಾರಿನಿಂದ ಲೈನಿಗೆ ಕರೆಂಟು ಹರಿದರೆ, ಅದು ಟಿಸಿಯಲ್ಲಿ, ಅಂದರೆ ಬೀದಿಯ ಟ್ರಾನ್ಸ್‌ಫಾರ್ಮರಿನಲ್ಲಿ, ಹಿಂದುಮುಂದಾಗಿ ಹೋಗುತ್ತದೆ. ಆ ಕಡೆ ಹೊರಗೆ ಬರುವಾಗ ಅದು ನಿಮ್ಮ ಮನೆಯ 230 ವೋಲ್ಟ್ ಆಗಿರುವುದಿಲ್ಲ. 11,000 ವೋಲ್ಟ್ ಆಗಿರುತ್ತದೆ. ಮೇಲಿರುವವನ ಗತಿ ಏನು? ಕರೆಂಟು ಹೋದಾಗಲೂ ಫ್ಯಾನು ತಿರುಗಬೇಕು ಅಂದರೆ ಬ್ಯಾಟರಿ ಇರುವ ಹೈಬ್ರಿಡ್ ಇನ್ವರ್ಟರ್ ಬೇಕು, ಅದಕ್ಕೆ ದುಡ್ಡು ಜಾಸ್ತಿ. ಇಲ್ಲವೇ ಹಳೆಯ ಯುಪಿಎಸ್ ಅನ್ನು ಮೂಲೆಗೆ ಹಾಕದೆ ಇಟ್ಟುಕೊಳ್ಳಬೇಕು.

ಈಗ ನಿಮ್ಮ ಮೂರನೇ ಮಾತು. ಏನು ಬದಲಾಗಿದೆ ಎಂಬ ಪ್ರಶ್ನೆಗೆ ಬಿಲ್ಲಿನ ಪುಸ್ತಕದಲ್ಲಿ ಉತ್ತರ ಹುಡುಕಿದರೆ ಸಿಗುವುದಿಲ್ಲ. ಮನೆಗೂ ಪುಕ್ಕಟೆ, ಹತ್ತು ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೂ ಪುಕ್ಕಟೆ. ನೀವು ನೋಡಬೇಕಾದ್ದು ಗಡಿಯಾರ. ಯಾರು ಯಾವ ಹೊತ್ತಿಗೆ ಏಳುತ್ತಾರೆ, ಯಾರು ರಾತ್ರಿ ನಿದ್ದೆಗೆಡುತ್ತಾರೆ, ಅಲ್ಲಿ ಬದಲಾವಣೆ ಕಾಣುತ್ತದೆ.

ನಿಮ್ಮ ತೋಟದ ಪಂಪ್‌ಹೌಸಿನಲ್ಲಿರುವ ಮೊಬೈಲ್ ಸ್ಟಾರ್ಟರ್ ಬಗ್ಗೆ ನೀವು ಒಂದೇ ಸಾಲು ಬರೆದು ಮುಂದೆ ಹೋಗಿದ್ದೀರಿ. ನಾನು ಹೇಳುವುದು ಅದನ್ನೇ. ಪಂಪು ಓಡಿಸುವ ತ್ರೀ ಫೇಸ್ ಕರೆಂಟು ಕೊಡುವುದು ದಿನಕ್ಕೆ ಏಳು ಗಂಟೆ, ಅದೂ ಪಾಳಿಯ ಮೇಲೆ. ರಾತ್ರಿ ಪಾಳಿ ಬಂದರೆ ಹನ್ನೆರಡಕ್ಕೋ ಎರಡಕ್ಕೋ ಟಾರ್ಚು ಹಿಡಿದು ತೋಟಕ್ಕೆ ಹೋಗಬೇಕಿತ್ತು. ಬದುವಿನಲ್ಲಿ ಹಾವು, ಕಬ್ಬಿನ ಗದ್ದೆಯಲ್ಲಿ ಚಿರತೆ. ಮಂಡ್ಯದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಮೇಲೆ ಆಟೋ ಸ್ಟಾರ್ಟರ್ ಬಂತು. ಕರೆಂಟು ಬಂದ ತಕ್ಷಣ ಮೋಟಾರು ತಾನೇ ಶುರು. ಆದರೆ ಒಂದೇ ಟಿಸಿ ಮೇಲಿನ ಇಪ್ಪತ್ತು ಮೋಟಾರು ಒಂದೇ ಕ್ಷಣಕ್ಕೆ ಎದ್ದರೆ ಏನಾಗುತ್ತದೆ? ಟಿಸಿ ಸುಟ್ಟು, ಊರಿನವರೆಲ್ಲ ಸೇರಿ ಅದನ್ನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ರಿಪೇರಿಗೆ ಅಲೆಯಬೇಕು. ಈಗಿನದು ಪುಟ್ಟ ಡಬ್ಬ, ಒಳಗೊಂದು ಸಿಮ್ಮು. ಹಾಸಿಗೆಯಿಂದಲೇ ಫೋನ್ ಮಾಡಿದರೆ ಮೂರು ಫೇಸೂ ಇದೆಯೋ ಇಲ್ಲವೋ ಹೇಳುತ್ತದೆ, ಒಂದು ನಂಬರ್ ಒತ್ತಿದರೆ ಮೋಟಾರು ಆನ್. ಬೋರಿನಲ್ಲಿ ನೀರು ನಿಂತರೆ ತಾನೇ ಆಫ್ ಆಗುವ ಸ್ಟಾರ್ಟರೂ ಇದೆ, ಕಾಯಿಲ್ ಸುಡುವುದಿಲ್ಲ. ಒಂದೇ ತಾಪತ್ರಯ: ಸಿಮ್ಮಿಗೆ ರೀಚಾರ್ಜ್ ಮಾಡುವುದು ಮರೆತರೆ ಮತ್ತೆ ಟಾರ್ಚೇ ಗತಿ.

ಆದರೂ ಇದು ರಾತ್ರಿ ಕರೆಂಟಿಗೆ ಹೊಂದಿಕೊಳ್ಳುವ ಉಪಾಯ ಅಷ್ಟೇ. ಬೇಕಾಗಿರುವುದು ಹಗಲು ಕರೆಂಟು. ಸೋಲಾರ್ ನಿಮ್ಮಂಥವರಿಗೆ ನಿಜವಾಗಿ ಉಪಯೋಗಕ್ಕೆ ಬರುವುದು ಅಲ್ಲಿ, ಮನೆಯ ತಾರಸಿಯ ಮೇಲಲ್ಲ. ಪಾವಗಡದಲ್ಲಿ 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಪಾರ್ಕು ಇದೆ. ರೈತರ ಜಮೀನನ್ನು ಗುತ್ತಿಗೆಗೆ ಪಡೆದು ಕಟ್ಟಿದ್ದು. ಹಗಲು ಹೀಗೆ ಕರೆಂಟು ಹೇರಳವಾಗಿ ಬರುವಾಗ ಪಂಪ್‌ಸೆಟ್ಟುಗಳನ್ನು ರಾತ್ರಿ ಓಡಿಸುವುದಕ್ಕೆ ಅರ್ಥವಿಲ್ಲ. ಕೇಂದ್ರದ ಕುಸುಮ್ ಯೋಜನೆಯ ಒಂದು ಭಾಗದಲ್ಲಿ ಸಬ್‌ಸ್ಟೇಷನ್ ಪಕ್ಕದಲ್ಲೇ ಸಣ್ಣ ಸೋಲಾರ್ ಘಟಕ ಕಟ್ಟಿ, ಅಲ್ಲಿಂದ ಹೊರಡುವ ಫೀಡರಿನ, ಅಂದರೆ ಲೈನಿನ, ರೈತರಿಗೆ ಹಗಲು ಕರೆಂಟು ಕೊಡುವುದೇ ಉದ್ದೇಶ. ಮಗನ ಜೊತೆ ಜಗಳ ಆಡುವ ಬದಲು ನಿಮ್ಮ ಫೀಡರು ಆ ಪಟ್ಟಿಯಲ್ಲಿ ಇದೆಯಾ ಅಂತ ನಿಮ್ಮ ಕಡೆ ಕರೆಂಟು ಕೊಡುವ ಸೆಸ್ಕ್ ಕಂಪನಿಯ ಕಚೇರಿಯಲ್ಲಿ ವಿಚಾರಿಸಿ. ಊರಿನ ನಾಲ್ಕು ಜನರನ್ನು ಜೊತೆಗೆ ಕರೆದುಕೊಂಡು ಹೋಗಿ, ಒಬ್ಬರೇ ಹೋದರೆ ಕೂರಿಸಿ ಕಾಫಿ ಕೊಟ್ಟು ಕಳಿಸುತ್ತಾರೆ.

ಒಂದು ಭಯ ನನಗಿದೆ, ಅದನ್ನೂ ಹೇಳುತ್ತೇನೆ. ವಿಸಿ (ವಿಶ್ವೇಶ್ವರಯ್ಯ) ನಾಲೆಯ ಬಯಲಿನವರ ಹಾಗೆ ನಿಮ್ಮ ತಾಲ್ಲೂಕಿಗೆ ಕಾವೇರಿ ಹರಿದು ಬರುವುದಿಲ್ಲ, ಹೆಚ್ಚಾಗಿ ಬೋರನ್ನೇ ನಂಬಿಕೊಂಡ ನೆಲ. ಸ್ವಂತ ಸೋಲಾರ್ ಪಂಪು ಕೂರಿಸಿಕೊಂಡವರಿಗೆ ಏಳು ಗಂಟೆಯ ಕಡಿವಾಣವೂ ಇಲ್ಲ. ಬಿಸಿಲಿರುವಷ್ಟು ಹೊತ್ತು ಎಳೆಯಬಹುದು. ಡ್ರಿಪ್ ಇಲ್ಲದೆ ಹೀಗೆ ಎಳೆದರೆ ಪಂಪು ಉಳಿಯುತ್ತದೆ, ನೀರು ಉಳಿಯುವುದಿಲ್ಲ.

ದೂರದಲ್ಲಿ ಕರೆಂಟು ಹುಟ್ಟುತ್ತದೆ, ನಮಗೇನು ಬಂತು ಅಂತ ನೀವು ಕೇಳಿದ್ದೀರಲ್ಲ, ಇದಕ್ಕೆ ನಿಮ್ಮ ಜಿಲ್ಲೆಯಲ್ಲೇ ಹಳೆಯ ಕಥೆ ಇದೆ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ಜಲವಿದ್ಯುತ್ ಶುರುವಾದಾಗ ಅದು ಹೋದದ್ದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು. ಸುತ್ತಲಿನ ಹಳ್ಳಿಗಳಲ್ಲಿ ಆಮೇಲೂ ಎಷ್ಟೋ ವರ್ಷ ಸೀಮೆಎಣ್ಣೆ ಬುಡ್ಡಿಯೇ ಉರಿಯಿತು. ಹೊಳೆಯ ನೀರನ್ನು ಬೇಕಾದಲ್ಲಿಗೆ ಹೊತ್ತು ತಿರುಗಲಾಗದು. ಬಿಸಿಲು ನಿಮ್ಮೂರಿನ ಮೇಲೂ ಬೀಳುತ್ತದೆ. ಹಾಗಾಗಿ ಈ ಸಲ ಕೇಳುವುದಕ್ಕೆ ನಿಮಗೆ ಒಳ್ಳೆಯ ಕಾರಣ ಇದೆ.

ಮನೆಗೆ ಏನಾದರೂ ಮಾಡಿಸಲೇಬೇಕು ಅಂತ ಮಗ ಹಠ ಹಿಡಿದರೆ, ನೀರು ಕಾಯಿಸುವ ಸೋಲಾರ್ ಹಾಕಿಸಿ ಅನ್ನಿ. ಬೆಳಗಿನ ಜಾವ ಎದ್ದು ಹಂಡೆ ಒಲೆಗೆ ತೆಂಗಿನ ಮಟ್ಟೆ ತುರುಕಿ, ಊದಿ ಊದಿ ಕಣ್ಣಲ್ಲಿ ನೀರು ಹಾಕಿಕೊಳ್ಳುವವರು ಯಾರು ಅಂತ ನಿಮ್ಮ ಕಾಗದದಲ್ಲಿ ಇಲ್ಲ. ಮನೆಯವರನ್ನು ಒಮ್ಮೆ ಕೇಳಿ. ನಿಮ್ಮಿಬ್ಬರಿಗೆ ನೂರು ಲೀಟರಿನದು ಸಾಕು. ಆಷಾಢದ ಮೋಡಕ್ಕೆ ನೀರು ಸರಿಯಾಗಿ ಕಾಯುವುದಿಲ್ಲ, ಆದ್ದರಿಂದ ಹಂಡೆ ಕಿತ್ತುಹಾಕಬೇಡಿ. ನಿಮ್ಮ ಬೋರಿನ ನೀರು ಪಾತ್ರೆಗೆ ಬಿಳಿ ಕಟ್ಟುತ್ತದೆ ಎಂದಿದ್ದೀರಿ. ಅಂಥ ಗಡಸು ನೀರಿಗೆ ತಾಮ್ರದ ಸಣ್ಣ ಪೈಪಿನ ಹೀಟರು ಬೇಗ ಕಟ್ಟಿಕೊಳ್ಳುತ್ತದೆ, ಗಾಜಿನ ಕೊಳವೆಯದು ವಾಸಿ. ಅಂಗಡಿಗೆ ಹೋಗುವ ಮುಂಚೆ ಒಂದು ಬಾಟಲಿ ನೀರು ತೆಗೆದುಕೊಂಡು ಹೋಗಿ ಪರೀಕ್ಷೆ ಮಾಡಿಸಿ.

– ಸಂ.