ಕೈದಿ ಓಡುವುದು ನಿಂತಲ್ಲಿ

ಪ್ರಶ್ನೆ: ನನ್ನ ಮಗ ಈ ವರ್ಷ ಸಶಸ್ತ್ರ ಮೀಸಲು ಪಡೆಗೆ ಕಾನ್‌ಸ್ಟೇಬಲ್ ಆಗಿ ಸೇರಿದ್ದಾನೆ. ವಾರದಲ್ಲಿ ಮೂರ್ನಾಲ್ಕು ದಿನ ಕೈದಿಗಳನ್ನು ಜೈಲಿನಿಂದ ಕೋರ್ಟಿಗೆ, ಆಸ್ಪತ್ರೆಗೆ ಕರೆದುಕೊಂಡು ಹೋಗುವ ಎಸ್ಕಾರ್ಟ್ ಡ್ಯೂಟಿ. ಮೊನ್ನೆ ಬೇರೆ ಜಿಲ್ಲೆಯಲ್ಲಿ ವಿಚಾರಣಾಧೀನ ಕೈದಿಯೊಬ್ಬ ಶೌಚಾಲಯಕ್ಕೆಂದು ಹೋಗಿ ತಪ್ಪಿಸಿಕೊಂಡನಂತೆ, ಜತೆಗಿದ್ದ ಇಬ್ಬರು ಸಸ್ಪೆಂಡ್ ಆದರಂತೆ. ಅಂದಿನಿಂದ ನನಗೆ ಸರಿಯಾಗಿ ನಿದ್ದೆ ಬರುತ್ತಿಲ್ಲ. ಎಲ್ಲರಿಗೂ ಕೋಳ ಹಾಕಿಬಿಟ್ಟರೆ ಆಗದೇ? ಕೇಳಿದರೆ "ಹಾಗೆಲ್ಲ ಹಾಕಲಿಕ್ಕಿಲ್ಲ ಅಮ್ಮ" ಎನ್ನುತ್ತಾನೆ. ಅವನಿಗೆ ನಾನು ಏನು ಹೇಳಲಿ?
— ಒಬ್ಬ ತಾಯಿ, ಕಾರ್ಕಳ

ಉತ್ತರ (ನಿವೃತ್ತ ಎ.ಎಸ್.ಐ., ಉಡುಪಿ): ಅಕ್ಕ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. 31 ವರ್ಷದ ಸರ್ವಿಸಿನಲ್ಲಿ ಅರ್ಧಕ್ಕೂ ಹೆಚ್ಚು ಕಾಲ ನಾನು ಮಾಡಿದ್ದು ಇದೇ ಡ್ಯೂಟಿ. ಒಮ್ಮೆ ನನ್ನ ಕೈಯಿಂದಲೂ ಒಬ್ಬ ಓಡಿದ್ದಾನೆ. ಅದನ್ನೇ ಮೊದಲು ಹೇಳುತ್ತೇನೆ, ಕಾನೂನಿಗಿಂತ ಅದು ನಿಮ್ಮ ಮಗನ ಉಪಯೋಗಕ್ಕೆ ಬಂದೀತು.

2009ರ ಆಷಾಢ. ಮನೆಗಳ್ಳತನ ಕೇಸಿನ ಹುಡುಗನೊಬ್ಬನನ್ನು ಬಾಡಿ ವಾರಂಟಿನ (ಜೈಲಿನಲ್ಲಿರುವವನನ್ನು ಕರೆತಂದು ಹಾಜರುಪಡಿಸಿ ಎನ್ನುವ ಕೋರ್ಟಿನ ಆದೇಶ) ಮೇಲೆ ಶಿವಮೊಗ್ಗದ ಕೋರ್ಟಿಗೆ ಹಾಜರುಪಡಿಸಿ ಹಿಂದಿರುಗುತ್ತಿದ್ದೆವು. ನಾನು, ಇನ್ನೊಬ್ಬ ಕಾನ್‌ಸ್ಟೇಬಲ್, ಆ ಹುಡುಗ. ವ್ಯಾನು ಸಿಕ್ಕಿರಲಿಲ್ಲ, ಲೈನ್ ಬಸ್ಸು. ಕೋಳಕ್ಕೆ ಕೋರ್ಟಿನ ಅನುಮತಿ ಇತ್ತು, ಹಾಕಿದ್ದೆವು. ಆಗುಂಬೆ ಘಾಟಿಯ 14 ತಿರುವುಗಳಲ್ಲಿ ನಾಲ್ಕು ಕಳೆಯುವಷ್ಟರಲ್ಲಿ ಹುಡುಗನಿಗೆ ವಾಂತಿ ಶುರುವಾಯಿತು. ಕೆಳಗೆ ಸೋಮೇಶ್ವರದಲ್ಲಿ ಬಸ್ಸು ನಿಂತಾಗ ಮುಖ ತೊಳೆಯಲೆಂದು ಜತೆಯವನು ಒಂದು ಕೈಯ ಕೋಳ ಬಿಚ್ಚಿದ. ನಾನು ಹತ್ತು ಹೆಜ್ಜೆ ಆಚೆ ಗೂಡಂಗಡಿಗೆ ಸೋಡಾ ತರಲು ಹೋದೆ. ತಿರುಗಿ ನೋಡುವಾಗ ನಳ್ಳಿಯ ಹತ್ತಿರ ಜತೆಯವನೊಬ್ಬನೇ.

ಮಳೆ, ಕತ್ತಲೆ, ಕಾಲಿಗೆಲ್ಲ ಇಂಬಳ (ಜಿಗಣೆ). ಠಾಣೆಗೆ ತಿಳಿಸದೆ ನಾವಿಬ್ಬರೇ ಮುಕ್ಕಾಲು ಗಂಟೆ ಕಾಡು ಹುಡುಕಿದೆವು. ಅವನು ಓಡಿದ್ದಕ್ಕಿಂತ ಅದು ದೊಡ್ಡ ತಪ್ಪು. ರಾತ್ರಿ ಹತ್ತಕ್ಕೆ ಒಬ್ಬರ ದನದ ಕೊಟ್ಟಿಗೆಯಲ್ಲಿ ನಡುಗುತ್ತ ಕುಳಿತವನು ಸಿಕ್ಕಿದ. ಒಂದು ಮಣಿಕಟ್ಟಿನಲ್ಲಿ ಕೋಳ ನೇತಾಡುತ್ತಿತ್ತು. ಮನೆಯವರೇ ಬಿಸಿ ಚಹಾ ಕೊಟ್ಟು ಕೂರಿಸಿ ಫೋನು ಮಾಡಿದ್ದರು. "ಎಲ್ಲಿಗೆ ಹೋಗಲಿಕ್ಕಿತ್ತು ಮಾರಾಯ?" ಎಂದು ಕೇಳಿದೆ. "ಗೊತ್ತಿಲ್ಲ ಸರ್, ಬಿಟ್ಟದ್ದು ಕಂಡಿತು, ಓಡಿದೆ" ಎಂದ. ನನಗೆ ನಾಲ್ಕು ತಿಂಗಳು ಸಸ್ಪೆನ್ಷನ್ ಆಯಿತು.

ಹಾಗಾಗಿ ಕೋಳವೊಂದೇ ಕಾಯುತ್ತದೆ ಎಂದು ನಾನು ಹೇಳಲಾರೆ. ಕಾನೂನಿನ ಮಟ್ಟಿಗೂ ನಿಮ್ಮ ಮಗನ ಮಾತು ಸರಿ. 1980ರಲ್ಲಿ ಪ್ರೇಮ್ ಶಂಕರ್ ಶುಕ್ಲ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು ಕೋಳ ಹಾಕುವುದು ಮೇಲುನೋಟಕ್ಕೇ ಅಮಾನವೀಯ, ಬೇರೆ ದಾರಿಯೇ ಇಲ್ಲದಾಗ ಕಾರಣ ಬರೆದಿಟ್ಟು ಮಾತ್ರ ಹಾಕಬಹುದು ಎಂದರು. ಜೈಲಿನಿಂದ ಕೋರ್ಟಿಗೆ ಒಯ್ಯುವಾಗ ಹಾಕಬೇಕಾದರೆ ಮ್ಯಾಜಿಸ್ಟ್ರೇಟರ ಅನುಮತಿ ಬೇಕೆಂದು 1995ರಲ್ಲಿ ಇನ್ನಷ್ಟು ಬಿಗಿಯಾಯಿತು. ನಮ್ಮ ಹೈಕೋರ್ಟಿನ ಧಾರವಾಡ ಪೀಠ 2022ರಲ್ಲಿ, ಕಾರಣವಿಲ್ಲದೆ ಕೋಳ ಹಾಕಿಸಿಕೊಂಡ ಕಾನೂನು ವಿದ್ಯಾರ್ಥಿಯೊಬ್ಬನಿಗೆ 2 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಂಧನ, ವಿಚಾರಣೆಯ ಕ್ರಮ ಹೇಳುವ ಕಾನೂನು) ಕಲಂ 43(3) ಸ್ವಲ್ಪ ಸಡಿಲ ಕೊಟ್ಟಿದೆ. ಪದೇಪದೇ ಅಪರಾಧ ಮಾಡುವವರು, ಹಿಂದೆ ತಪ್ಪಿಸಿಕೊಂಡವರು, ಕೊಲೆ, ಅತ್ಯಾಚಾರ, ಭಯೋತ್ಪಾದನೆ, ಮಾದಕ ವಸ್ತುವಿನಂಥ ಆರೋಪವಿರುವವರಿಗೆ ಬಂಧಿಸುವಾಗ, ಕೋರ್ಟಿಗೆ ಹಾಜರುಪಡಿಸುವಾಗ ಹಾಕಬಹುದು. ಚೆಕ್ ಬೌನ್ಸಿನವನಿಗೂ ಹಾಕಿ ಬಸ್‌ಸ್ಟ್ಯಾಂಡಿನಲ್ಲಿ ನಡೆಸಲಿಕ್ಕಿಲ್ಲ. ಅದು ಸರಿಯಾದದ್ದೇ ಎಂದು ನಾನು ನಂಬಿದ್ದೇನೆ. ವಿಚಾರಣಾಧೀನ ಎಂದರೆ ಇನ್ನೂ ತಪ್ಪಿತಸ್ಥನೆಂದು ತೀರ್ಮಾನವಾಗದವನು.

ಹಾಗಾದರೆ ಕಾಯುವುದು ಹೇಗೆ? ಓಡುವ ಗಾಡಿಯಿಂದ ಹಾರಿದವನನ್ನು ನಾನು ಕಂಡದ್ದಿಲ್ಲ. ಹಿರಿಯಡ್ಕದ ಜೈಲಿನಿಂದ ಪರ್ಕಳ, ಮಣಿಪಾಲ ದಾಟಿ ಉಡುಪಿ ಕೋರ್ಟಿನವರೆಗೆ ವ್ಯಾನಿನಲ್ಲಿ ಭಯವಿಲ್ಲ. ಭಯ ಇರುವುದು ವ್ಯಾನಿನ ಬಾಗಿಲು ತೆರೆದ ಮೇಲೆ. ಕೋರ್ಟಿನ ಜಗಲಿ, ಅಜ್ಜರಕಾಡು ಆಸ್ಪತ್ರೆಯ ಚೀಟಿ ಮಾಡಿಸುವ ಸಾಲು, ಮಂಗಳೂರಾದರೆ ವೆನ್ಲಾಕಿನ ಜನಜಂಗುಳಿ, ಹೋಟೆಲು, ಮೂತ್ರಾಲಯ. ಮೂತ್ರಾಲಯಕ್ಕೆ ಕೈದಿಗಿಂತ ಮೊದಲು ಪೊಲೀಸಿನವನು ಒಳಗೆ ಹೋಗಬೇಕು. ಕಿಟಕಿಗೆ ಸರಳಿದೆಯೇ, ಹಿಂದೆ ಬಾಗಿಲಿದೆಯೇ, ಯಾರಾದರೂ ಮೊದಲೇ ಬಂದು ಏನಾದರೂ ಇಟ್ಟು ಹೋಗಿದ್ದಾರೆಯೇ ನೋಡಬೇಕು. ಆಮೇಲೆ ಅವನನ್ನು ಒಳಗೆ ಬಿಟ್ಟು ಬಾಗಿಲು ಅರ್ಧ ತೆರೆದೇ ಇರಬೇಕು. ನಾಚಿಕೆಯಾಗುತ್ತದೆ ಎಂದು ಹೊಸ ಹುಡುಗರು ಬಾಗಿಲು ಹಾಕಲು ಬಿಡುತ್ತಾರೆ. ಮುಖ ಬೇರೆ ಕಡೆ ತಿರುಗಿಸಿ ನಿಂತರೆ ಸಾಕು, ಬಾಗಿಲಿಗೆ ಕಾಲು ಕೊಟ್ಟಿರಬೇಕು.

ಕೋಳ ಹಾಕಿದ ದಿನ ಕೀಲಿ ಪಕ್ಕದಲ್ಲಿ ಕೂತವನ ಕಿಸೆಯಲ್ಲಿ ಇರಲೇಬಾರದು, ಆ ದಿನದ ಜವಾಬ್ದಾರಿ ಹೊತ್ತವನ ಹತ್ತಿರ ಇರಬೇಕು. ಎರಡನೇ ಲಾಕ್ ಇರುವ ಕೋಳವಾದರೆ ಅದನ್ನೂ ಹಾಕಬೇಕು, ಇಲ್ಲದಿದ್ದರೆ ದಾರಿಯಲ್ಲಿ ಬಿಗಿಯಾಗುತ್ತ ಹೋಗಿ ಕೈ ಊದುತ್ತದೆ, ಆಗ ಬಿಚ್ಚಲೇಬೇಕಾಗುತ್ತದೆ. ಕೈದಿಯನ್ನು ಗಾಡಿಯ ಕಂಬಿಗೆ ಕಟ್ಟಬಾರದು. ಬೆಂಕಿ ಬಿದ್ದರೆ, ಗಾಡಿ ನೀರಿಗೆ ಉರುಳಿದರೆ ಅವನು ಅಲ್ಲೇ ಸಾಯುತ್ತಾನೆ. ಬಂದೂಕು ಹಿಡಿದವನು ಕೈದಿಯ ಮಗ್ಗುಲಲ್ಲಿ ಕೂರಬಾರದು. ಹೊರಡುವ ಮುಂಚೆ ವಾರಂಟಿನಲ್ಲಿರುವ ಗುರುತು, ಮಚ್ಚೆ ತಾಳೆ ನೋಡಿ, ಮೈ ತಪಾಸಣೆ ಮಾಡಬೇಕು. ವಾಪಸು ಬಂದಾಗ ಜೈಲಿನ ಚಿಕ್ಕ ಬಾಗಿಲು ಅವನ ಹಿಂದೆ ಮುಚ್ಚಿ ಸಹಿ ಬೀಳುವ ತನಕ ಅವನು ನಿಮ್ಮ ಮಗನ ಪಾಲಿನವನೇ.

ಇಬ್ಬರನ್ನು ಕಳಿಸುವ ಕಡೆ ಒಬ್ಬನಿಗೆ ಹೊಟ್ಟೆ ಕೆಟ್ಟರೆ ಉಳಿಯುವುದು ಒಬ್ಬನೇ. ಇದನ್ನು ನಾನು ಅಂದೂ ಹೇಳಿದ್ದೆ, ಇಂದೂ ಹೇಳುತ್ತೇನೆ. ಕಸ್ಟಡಿ ಮುಂದುವರಿಸುವಂಥ ಹಾಜರಿಗೆ ಈಗ ವಿಡಿಯೊ ಸಾಕು, ಅದನ್ನು ಇನ್ನಷ್ಟು ಬಳಸಿದರೆ ಎಷ್ಟೋ ಪ್ರಯಾಣ ತಪ್ಪುತ್ತದೆ.

ಹಾಗೂ ಒಬ್ಬ ಓಡಿದರೆ, ಮೊದಲ ನಿಮಿಷದಲ್ಲೇ 112ಕ್ಕೆ, ಹತ್ತಿರದ ಠಾಣೆಗೆ, ಮೇಲಧಿಕಾರಿಗೆ ಹೇಳಬೇಕು. ಓಡಿದವನಿಗೆ ಭಾರತೀಯ ನ್ಯಾಯ ಸಂಹಿತೆಯ (ಅಪರಾಧ, ಶಿಕ್ಷೆಗಳ ಕಾನೂನು) ಕಲಂ 262ರ ಕೆಳಗೆ ಎರಡು ವರ್ಷದವರೆಗೆ ಶಿಕ್ಷೆ ಇದೆ. ನಿರ್ಲಕ್ಷ್ಯದಿಂದ ಬಿಟ್ಟವನಿಗೂ 261ರಲ್ಲಿ ಎರಡು ವರ್ಷದವರೆಗೆ ಸಾದಾ ಸಜೆ, ಇಲ್ಲವೇ ದಂಡ, ಅಥವಾ ಎರಡೂ. ಮುಚ್ಚಿಟ್ಟ ಮುಕ್ಕಾಲು ಗಂಟೆಯ ಬಗ್ಗೆ ವಿಚಾರಣೆಯಲ್ಲಿ ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ.

ಮಗನಿಗೆ ಏನು ಹೇಳಲಿ ಎಂದು ಕೇಳಿದ್ದೀರಿ. ಕೈದಿಯ ಮನೆಯವರು ಕೋರ್ಟಿನಲ್ಲಿ ಕೊಡುವ ಒಂದು ಗ್ಲಾಸು ಜ್ಯೂಸೂ ಬೇಡ ಎನ್ನಿ. ಗದರಿಸದೆ, ಹೆಸರು ಹಿಡಿದು ಕರೆದು ಮಾತಾಡಲಿ, ಆದರೆ ಕೈ ಬಿಡದಿರಲಿ. ದೂರದ ಡ್ಯೂಟಿ ಇದ್ದ ದಿನ ಬೆಳಿಗ್ಗೆ ನಿಮ್ಮಿಂದ ಆಗುವುದಾದರೆ ಬುತ್ತಿ ಕಟ್ಟಿಕೊಡಿ, ಜತೆಯವನಿಗೂ ಸೇರಿಸಿ. ದಾರಿಯಲ್ಲಿ ಒಂದು ಹೋಟೆಲಿಗೆ ಇಳಿಯುವುದು ತಪ್ಪುತ್ತದೆ.