ತುದಿ ಮುಟ್ಟದೆ ವಾಪಸ್ ಬಂದವರಿಗೂ ಗೌರವ ಇದೆಯಾ?

ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ನಿಮ್ಮ ತಂಗಿ ಬೇಸಿಕ್, ಅಡ್ವಾನ್ಸ್ ಎರಡೂ ಪರ್ವತಾರೋಹಣ ಕೋರ್ಸ್ ಮುಗಿಸಿದ್ದಾಳೆ. ಹೋದ ವರ್ಷ 6,000 ಮೀಟರಿನ ಒಂದು ಶಿಖರಕ್ಕೆ ಹೋಗಿದ್ದಳು. ತುದಿಗೆ ಇನ್ನೂರು ಮೀಟರ್ ಇರುವಾಗ ಜೊತೆಗಿದ್ದ ಹುಡುಗಿಗೆ ತಲೆ ಸುತ್ತಿ ವಾಂತಿ ಶುರುವಾಯಿತು, ಇವಳು ಅವಳನ್ನು ಕರೆದುಕೊಂಡು ಇಳಿದುಬಿಟ್ಟಳು. ಈಗ ನೆಂಟರೆಲ್ಲ "ಹತ್ತಲೇ ಇಲ್ವಂತೆ" ಅನ್ನುತ್ತಿದ್ದಾರೆ. ಬೆಟ್ಟದಲ್ಲಿ ಪ್ರಶಸ್ತಿ, ಗೌರವ ಎಲ್ಲ ತುದಿ ಮುಟ್ಟಿದವರಿಗೆ ಮಾತ್ರಾನಾ ಅಂತ ನೀವು ಕೇಳಿದ್ದೀರಿ.

ಅಲ್ಲ. ನಿಮ್ಮ ತಂಗಿ ಮಾಡಿದಂಥ ಕೆಲಸಕ್ಕೆಂದೇ ಒಂದು ಪ್ರಶಸ್ತಿ ಇದೆ. ಅಮೆರಿಕನ್ ಆಲ್ಪೈನ್ ಕ್ಲಬ್ 1981ರಿಂದ ಡೇವಿಡ್ ಸೋಲ್ಸ್ ಎಂಬ ಆರೋಹಿಯ ಹೆಸರಿನಲ್ಲಿ ಅದನ್ನು ಕೊಡುತ್ತಾ ಬಂದಿದೆ. ಕಷ್ಟದಲ್ಲಿರುವ ಇನ್ನೊಬ್ಬ ಆರೋಹಿಗಾಗಿ ತನ್ನ ಜೀವವನ್ನು ಅಪಾಯಕ್ಕೆ ಒಡ್ಡಿದವರಿಗೆ, ಇಲ್ಲವೇ ತಾನು ಹತ್ತಬೇಕೆಂದು ಹೊರಟ ಶಿಖರವನ್ನೇ ಕೈಬಿಟ್ಟವರಿಗೆ ಅದು ಮೀಸಲು. 2018ರ ಜನವರಿಯಲ್ಲಿ ಪಾಕಿಸ್ತಾನದ ನಂಗಾ ಪರ್ಬತ್‌ನಲ್ಲಿ ನಡೆದದ್ದನ್ನೇ ನೋಡಿ. ಪೋಲೆಂಡ್ ತಂಡವೊಂದು ಕೆ2 ಶಿಖರವನ್ನು ಚಳಿಗಾಲದಲ್ಲಿ ಹತ್ತಲು ಬಂದಿತ್ತು. ಆವರೆಗೆ ಯಾರೂ ಚಳಿಗಾಲದಲ್ಲಿ ಕೆ2 ಹತ್ತಿರಲಿಲ್ಲ. ಫ್ರಾನ್ಸಿನ ಎಲಿಜಬೆತ್ ರೆವೋಲ್ ನಂಗಾ ಪರ್ಬತ್ ಮೇಲೆ ಸಿಕ್ಕಿಹಾಕಿಕೊಂಡಿದ್ದಾರೆ ಅಂತ ಗೊತ್ತಾದ ಕೂಡಲೇ ನಾಲ್ಕು ಜನ ಕೆ2 ಬಿಟ್ಟು ಹೆಲಿಕಾಪ್ಟರ್ ಹತ್ತಿದರು. ಅದರಲ್ಲಿ ಆಡಮ್ ಬಿಯೆಲೆಟ್ಸ್ಕಿ ಮತ್ತು ಡೆನಿಸ್ ಉರುಬ್ಕೊ ರಾತ್ರಿಯಿಡೀ ಕತ್ತಲಲ್ಲಿ ಸಾವಿರ ಮೀಟರಿಗಿಂತ ಜಾಸ್ತಿ ಏರಿ ಆಕೆಯನ್ನು ಇಳಿಸಿಕೊಂಡು ಬಂದರು. ಆಕೆಯ ಜೊತೆಗಾರ ತೊಮೆಕ್ ಮಟ್ಸ್ಕೆವಿಚ್‌ರನ್ನು ಉಳಿಸಲಾಗಲಿಲ್ಲ. ಆ ನಾಲ್ವರಿಗೂ ಈ ಪ್ರಶಸ್ತಿ ಬಂತು. ಕೆ2 ತುದಿಯಂತೂ ಆ ವರ್ಷ ಅವರಿಗೆ ಸಿಗಲಿಲ್ಲ.

ಇನ್ನೂ ಹಳೆಯ ಮಾತು ಹೇಳುತ್ತೇನೆ, ನಿಮ್ಮ ನೆಂಟರಿಗೆ ಇದನ್ನು ಓದಿಸಿ. ಪರ್ವತಾರೋಹಣಕ್ಕೆ ಒಲಿಂಪಿಕ್ ಪದಕ ಮೊದಲು ಸಿಕ್ಕಿದ್ದು 1924ರಲ್ಲಿ, ಫ್ರಾನ್ಸಿನ ಶಾಮೊನಿಯಲ್ಲಿ. ಯಾರಿಗೆ? 1922ರ ಎವರೆಸ್ಟ್ ತಂಡಕ್ಕೆ. ಆ ತಂಡದಲ್ಲಿ ಒಬ್ಬರೂ ಎವರೆಸ್ಟ್ ತುದಿ ಮುಟ್ಟಿರಲಿಲ್ಲ! ಸುಮಾರು 8,300 ಮೀಟರ್‌ವರೆಗೆ ಹೋಗಿ ತಿರುಗಿ ಬಂದಿದ್ದರು. ಜೂನ್ 7ರಂದು ಹಿಮಕುಸಿತಕ್ಕೆ ಸಿಕ್ಕು ಸತ್ತ ಏಳು ಜನ ಹೊರೆಯಾಳುಗಳ ಹೆಸರೂ ಆ ಪದಕದ ಪಟ್ಟಿಯಲ್ಲಿದೆ.

ಈಗ ನಮ್ಮ ದೇಶದ ವಿಷಯ. ಇಲ್ಲಿ ದೊಡ್ಡದು ತೇನ್ಸಿಂಗ್ ನೋರ್ಗೆ ರಾಷ್ಟ್ರೀಯ ಸಾಹಸ ಪ್ರಶಸ್ತಿ. ಅರ್ಜುನ ಪ್ರಶಸ್ತಿಗೆ ಸಮ ಅಂತಲೇ ಲೆಕ್ಕ. ನೆಲ, ನೀರು, ಗಾಳಿ, ಜೀವಮಾನ ಸಾಧನೆ ಅಂತ ನಾಲ್ಕು ವಿಭಾಗ. ಪರ್ವತಾರೋಹಣ ನೆಲದ ವಿಭಾಗಕ್ಕೆ ಬರುತ್ತದೆ. ಮೊದಲ ಮೂರಕ್ಕೆ ಹಿಂದಿನ ಮೂರು ವರ್ಷದ ಸಾಧನೆ ನೋಡುತ್ತಾರೆ, ಕೊನೆಯದಕ್ಕೆ ಇಡೀ ಬದುಕು. ತೇನ್ಸಿಂಗರ ಒಂದು ಕಂಚಿನ ಮೂರ್ತಿ, ಪ್ರಮಾಣಪತ್ರ, ಜೊತೆಗೆ 15 ಲಕ್ಷ ರೂಪಾಯಿ. 2020ಕ್ಕೆ ಮುಂಚೆ ಅದು 5 ಲಕ್ಷ ಇತ್ತು. ಇದಲ್ಲದೆ ಪದ್ಮ ಪ್ರಶಸ್ತಿಗಳೂ ಇವೆ: ಎವರೆಸ್ಟ್ ಹತ್ತಿದ ಮೊದಲ ಭಾರತೀಯ ಮಹಿಳೆ ಬಚೇಂದ್ರಿ ಪಾಲ್‌ಗೆ 1984ರಲ್ಲಿ ಪದ್ಮಶ್ರೀ, 2019ರಲ್ಲಿ ಪದ್ಮಭೂಷಣ. ಒಂದು ಕಾಲು ಕಳೆದುಕೊಂಡ ಮೇಲೂ 2013ರಲ್ಲಿ ಎವರೆಸ್ಟ್ ಹತ್ತಿದ ಅರುಣಿಮಾ ಸಿನ್ಹಾಗೆ 2015ರಲ್ಲಿ ಪದ್ಮಶ್ರೀ.

ನನಗೆ ತುಂಬಾ ಇಷ್ಟವಾಗುವುದು 1965ರ ಕಥೆ. ಎಂ.ಎಸ್. ಕೊಹ್ಲಿಯವರ ನಾಯಕತ್ವದಲ್ಲಿ ಹೋದ ಭಾರತೀಯ ತಂಡದ ಒಂಬತ್ತು ಜನ ಮೇ 20ರಿಂದ 29ರ ಒಳಗೆ ಎವರೆಸ್ಟ್ ಹತ್ತಿದರು. ಆ ಸಲ ಅರ್ಜುನ ಪ್ರಶಸ್ತಿ ಬಂದದ್ದು ಆ ಒಂಬತ್ತು ಜನರಿಗೆ ಮಾತ್ರ ಅಲ್ಲ, ಇಡೀ ತಂಡಕ್ಕೆ. ಕೆಳಗಿನ ಕ್ಯಾಂಪಿಗೆ ಆಕ್ಸಿಜನ್ ಸಿಲಿಂಡರ್ ಹೊತ್ತವನು ಇಲ್ಲದಿದ್ದರೆ ಮೇಲಿನವನು ಮೇಲೆ ಹೋಗುವುದೇ ಇಲ್ಲ ಅಲ್ವಾ? ಆ ಮಾತನ್ನು ಸರ್ಕಾರ ಅವತ್ತು ಒಪ್ಪಿಕೊಂಡಿತು.

ಎಲ್ಲ ಕಡೆ ಹೀಗೆ ಆಗಲಿಲ್ಲ ಅನ್ನುವುದೇ ಬೇಜಾರು. 1953ರಲ್ಲಿ ತೇನ್ಸಿಂಗ್, ಹಿಲರಿ ಇಬ್ಬರೂ ಒಂದೇ ಹಗ್ಗದಲ್ಲಿ ಎವರೆಸ್ಟ್ ತುದಿ ತಲುಪಿದರು. ಹಿಲರಿಗೆ 'ಸರ್' ಪದವಿ, ತೇನ್ಸಿಂಗ್‌ಗೆ ಜಾರ್ಜ್ ಮೆಡಲ್. ತೇನ್ಸಿಂಗರಿಗೆ ಸಿಕ್ಕ ನಿಜವಾದ ಗೌರವ ಅಂದರೆ ಡಾರ್ಜಿಲಿಂಗ್‌ನ ಸಂಸ್ಥೆ ಅಂತ ನಾನು ನಂಬುತ್ತೇನೆ. 1954ರಲ್ಲಿ ಹಿಮಾಲಯನ್ ಮೌಂಟನೀರಿಂಗ್ ಇನ್‌ಸ್ಟಿಟ್ಯೂಟ್ ಶುರುವಾಯಿತು, ಅಲ್ಲಿನ ತರಬೇತಿ ಅವರ ಕೈಗೆ ಬಂತು. ಇವತ್ತು ನಿಮ್ಮ ತಂಗಿಯಂಥವರು ಕೋರ್ಸ್ ಮಾಡುವುದು ಅಲ್ಲಿಂದ ಬೆಳೆದ ಪರಂಪರೆಯಲ್ಲೇ.

1954ರಲ್ಲೇ ಕೆ2ನಲ್ಲಿ ಆದದ್ದು ಇದಕ್ಕಿಂತ ಕಷ್ಟದ ಕಥೆ. ಇಟಲಿಯ ತಂಡ. ತುದಿಗೆ ಹೋಗಬೇಕಾದ ಇಬ್ಬರಿಗೆ ಆಕ್ಸಿಜನ್ ತಲುಪಿಸಲು ವಾಲ್ಟರ್ ಬೊನಾಟ್ಟಿ ಮತ್ತು ಹುಂಜಾ ಕಣಿವೆಯ ಅಮೀರ್ ಮಹದಿ ಸಿಲಿಂಡರ್ ಹೊತ್ತು ಮೇಲೆ ಹೋದರು. ಹೇಳಿದ ಜಾಗದಲ್ಲಿ ಟೆಂಟ್ ಇರಲಿಲ್ಲ. ಕತ್ತಲಾಯಿತು. ಸುಮಾರು 8,100 ಮೀಟರ್ ಎತ್ತರದಲ್ಲಿ, ಟೆಂಟೂ ಇಲ್ಲದೆ, ಸ್ಲೀಪಿಂಗ್ ಬ್ಯಾಗೂ ಇಲ್ಲದೆ, ಹಿಮದಲ್ಲಿ ಕೆತ್ತಿಕೊಂಡ ಒಂದು ಸಣ್ಣ ಚಾಚಿನ ಮೇಲೆ ಇಬ್ಬರೂ ಕೂತು ರಾತ್ರಿ ಕಳೆದರು. ಬೆಳಗಾದ ಮೇಲೆ ಸಿಲಿಂಡರ್ ಅಲ್ಲೇ ಬಿಟ್ಟು ಇಳಿದರು. ಅದೇ ಆಕ್ಸಿಜನ್ ತಗೊಂಡು ಉಳಿದ ಇಬ್ಬರು ತುದಿ ತಲುಪಿದರು. ಮಹದಿ ಕಾಲಿನ ಬೆರಳುಗಳನ್ನು ಕಳೆದುಕೊಂಡರು. ಬೊನಾಟ್ಟಿ ಮೇಲೆ ಉಲ್ಟಾ ಅಪವಾದ ಬಂತು, ಆಕ್ಸಿಜನ್ ಬಳಸಿಬಿಟ್ಟ ಅಂತ. ಬೊನಾಟ್ಟಿ ಹೇಳಿದ್ದೇ ನಿಜ ಅಂತ ಇಟಲಿಯ ಆಲ್ಪೈನ್ ಕ್ಲಬ್ ಒಪ್ಪಿಕೊಳ್ಳುವಷ್ಟರಲ್ಲಿ 50 ವರ್ಷ ದಾಟಿತ್ತು. 2009ರಲ್ಲಿ ಪಿಯೋಲೆ ದೋರ್, ಅಂದರೆ ಚಿನ್ನದ ಐಸ್ ಆಕ್ಸ್, ಅದರ ಮೊದಲ ಜೀವಮಾನ ಪ್ರಶಸ್ತಿ ಬೊನಾಟ್ಟಿಗೆ ಬಂತು. ಮಹದಿ ಆಗ ಬದುಕಿರಲಿಲ್ಲ.

ಈ ಪಿಯೋಲೆ ದೋರ್ ಬಗ್ಗೆ ಒಂದು ಮಾತು. ಫ್ರಾನ್ಸಿನಲ್ಲಿ 1992ರಲ್ಲಿ ಶುರುವಾದದ್ದು. ಪರ್ವತಾರೋಹಿಗಳ ನಡುವೆ ಇದಕ್ಕಿಂತ ದೊಡ್ಡ ಮಾನ ಇನ್ನೊಂದಿಲ್ಲ. ಮೊದಲು ವರ್ಷಕ್ಕೆ ಒಬ್ಬ ವಿಜೇತ ಅಂತ ಇತ್ತು. 2007ರಲ್ಲಿ ಗೆದ್ದ ಸ್ಲೊವೇನಿಯಾದ ಮಾರ್ಕೊ ಪ್ರೆಜೆಲ್ ಅವರೇ ಈ ಸ್ಪರ್ಧೆ ಸರಿಯಲ್ಲ ಅಂತ ಎದ್ದು ಹೇಳಿದರು. 2008ರಲ್ಲಿ ಪ್ರಶಸ್ತಿಯೇ ನಡೆಯಲಿಲ್ಲ. 2009ರಿಂದ ಹೊಸ ನಿಯಮ: ವರ್ಷದ ಕೆಲವು ಒಳ್ಳೆಯ ಆರೋಹಣಗಳನ್ನು ಒಟ್ಟಿಗೆ ಗೌರವಿಸುತ್ತಾರೆ. ಎಷ್ಟು ಎತ್ತರ ಅಂತಲ್ಲ, ಹೇಗೆ ಹತ್ತಿದರು ಅಂತ ನೋಡುತ್ತಾರೆ. ಹೊಸ ದಾರಿನಾ, ಕಡಿಮೆ ಸಾಮಾನಿನಲ್ಲಿ ಹೋದರಾ, ಜೊತೆಯವರನ್ನೂ ಬೆಟ್ಟವನ್ನೂ ಹೇಗೆ ನಡೆಸಿಕೊಂಡರು, ಇದೆಲ್ಲ ಲೆಕ್ಕಕ್ಕೆ ಬರುತ್ತದೆ.

ತುದಿಯೊಂದನ್ನೇ ನೋಡಿದರೆ ಏನಾಗುತ್ತದೆ ಗೊತ್ತಾ? 2016ರಲ್ಲಿ ಎವರೆಸ್ಟ್ ಹತ್ತಿದೆವು ಅಂತ ನಮ್ಮ ದೇಶದ ಕೆಲವರು ತಿದ್ದಿದ ಫೋಟೊ ತೋರಿಸಿ ಪ್ರಮಾಣಪತ್ರ ಪಡೆದರು. ಅದರಲ್ಲಿ ಒಬ್ಬರ ಹೆಸರು ತೇನ್ಸಿಂಗ್ ಪ್ರಶಸ್ತಿಯ ಪಟ್ಟಿಗೂ ಬಂದಿತ್ತು. ಜೊತೆಗಾರರು, ಶೆರ್ಪಾಗಳು ಮಾತಾಡಿದ್ದರಿಂದ ಬಯಲಾಯಿತು, ಪ್ರಶಸ್ತಿ ನಿಂತಿತು, ನೇಪಾಳ ಆರು ವರ್ಷ ನಿಷೇಧ ಹಾಕಿತು. ಬೆಟ್ಟದಲ್ಲಿ ಅಂಪೈರ್ ಇಲ್ಲ. ನಿಮ್ಮ ಮಾತೇ ಸಾಕ್ಷಿ. "ಇಲ್ಲ, ಇನ್ನೂರು ಮೀಟರ್ ಉಳಿದಿತ್ತು, ಇಳಿದುಬಿಟ್ಟೆ" ಅಂತ ನೇರವಾಗಿ ಹೇಳುವ ನಿಮ್ಮ ತಂಗಿಯ ಬೆಲೆ ನಿಮಗೆ ಇಲ್ಲಿ ಗೊತ್ತಾಗಬೇಕು.

ನಾನು ಉತ್ತರಕಾಶಿಯ ನೆಹರು ಪರ್ವತಾರೋಹಣ ಸಂಸ್ಥೆಯಲ್ಲಿ ಬೇಸಿಕ್ ಕೋರ್ಸ್ ಮಾಡಿದವನು. ತೇಖ್ಲಾದ ಬಂಡೆಗಳ ಮೇಲೆ ಮೊದಲ ದಿನಗಳು, ಆಮೇಲೆ ಭುಕ್ಕಿ ಊರಿಂದ ತೇಲ್, ಗುಜ್ಜರ್ ಹಟ್ ದಾಟಿ ಡೋಕ್ರಾಣಿ ಹಿಮನದಿಯ ಬೇಸ್ ಕ್ಯಾಂಪ್. ಕೊನೆಗೆ ಎತ್ತರಕ್ಕೆ ಹೋಗುವ ದಿನ ಒಂದೇ ಹಗ್ಗಕ್ಕೆ ಕಟ್ಟಿಕೊಂಡಿದ್ದ ನಮ್ಮ ಗುಂಪಿನ ನಾಗಪುರದ ಹುಡುಗ ತಡವರಿಸತೊಡಗಿದ. ನಮ್ಮ ಉಸ್ತಾದ್, ಅಂದರೆ ಬೋಧಕರು, ಅವನನ್ನು ನಿಲ್ಲಿಸಿ, ಒಂದು ಪಾದದ ಮುಂದೆ ಇನ್ನೊಂದು ಪಾದ ಇಟ್ಟು ಹತ್ತು ಹೆಜ್ಜೆ ನಡಿ ಅಂದರು. ಅವನಿಗೆ ಆಗಲಿಲ್ಲ, ಮೂರನೇ ಹೆಜ್ಜೆಗೇ ಪಕ್ಕಕ್ಕೆ ವಾಲಿದ. ಗ್ಲೌಸ್ ತೆಗೆದರೆ ಬೆರಳೆಲ್ಲ ಮೇಣದ ಹಾಗೆ ಬೆಳ್ಳಗಾಗಿತ್ತು. ಉಸ್ತಾದ್ ತಮ್ಮ ಜಾಕೆಟಿನ ಜಿಪ್ ಇಳಿಸಿ, ಅವನ ಎರಡೂ ಕೈಗಳನ್ನು ತಮ್ಮ ಕಂಕುಳಲ್ಲಿ ಇಟ್ಟುಕೊಂಡು ನಿಂತರು, ಆ ಗಾಳಿಯಲ್ಲಿ, ಐದು ನಿಮಿಷವೋ ಹತ್ತು ನಿಮಿಷವೋ. ಆಮೇಲೆ ಇಡೀ ಗುಂಪನ್ನು ಕೆಳಗೆ ತಿರುಗಿಸಿದರು. ಮಿದುಳಿನಲ್ಲಿ ನೀರು ತುಂಬಲು ಶುರುವಾದರೆ ಮೊದಲು ತಪ್ಪುವುದು ನಡಿಗೆಯ ಹಿಡಿತ, ಅದಕ್ಕೆ ಕೆಳಗೆ ಇಳಿಸುವುದಕ್ಕಿಂತ ದೊಡ್ಡ ಔಷಧ ಇಲ್ಲ ಅಂತ ಸಂಜೆ ಟೆಂಟಿನಲ್ಲಿ ಹೇಳಿದರು. ನಿಮ್ಮ ತಂಗಿ ಆ ಹುಡುಗಿಯನ್ನು ಇಳಿಸಿದ್ದು ಸುಮ್ನೆ ಭಯದಿಂದ ಅಲ್ಲ, ಕಲಿತದ್ದನ್ನು ಸರಿಯಾಗಿ ಬಳಸಿದ್ದಾಳೆ.

ಅದೇ ಡೋಕ್ರಾಣಿಯ ಮೇಲಿನ ದ್ರೌಪದಿ ಕಾ ದಾಂಡಾ ಶಿಖರದಲ್ಲಿ 2022ರ ಅಕ್ಟೋಬರ್ 4ರಂದು ಹಿಮಕುಸಿತವಾಯಿತು. ಅದೇ ಸಂಸ್ಥೆಯ ಅಡ್ವಾನ್ಸ್ ಕೋರ್ಸಿನ ವಿದ್ಯಾರ್ಥಿಗಳು ಅದರಡಿ ಸಿಕ್ಕಿಬಿದ್ದರು. ನಮ್ಮ ಬೆಂಗಳೂರಿನವರೂ ಅದರಲ್ಲಿದ್ದರು. ಸವಿತಾ ಕಂಸ್ವಾಲ್ ಆ ಸಂಸ್ಥೆಯ ಬೋಧಕಿ. ಅದೇ ವರ್ಷ ಮೇ ತಿಂಗಳಲ್ಲಿ 16 ದಿನದ ಅಂತರದಲ್ಲಿ ಎವರೆಸ್ಟ್, ಮಕಾಲು ಎರಡನ್ನೂ ಹತ್ತಿದ್ದ ಹುಡುಗಿ. ಅಷ್ಟು ಹತ್ತಿ ಬಂದ ಮೇಲೂ ಬೇರೆಯವರಿಗೆ ಕಲಿಸಲು ಹೋಗಿ ಅಲ್ಲಿ ತೀರಿಕೊಂಡಳು. 2022ರ ತೇನ್ಸಿಂಗ್ ಪ್ರಶಸ್ತಿ ಅವಳಿಗೆ ಮರಣೋತ್ತರವಾಗಿ ಬಂತು. ರಾಷ್ಟ್ರಪತಿಯವರ ಕೈಯಿಂದ ಅದನ್ನು ತಗೊಂಡವರು ಅವಳ ಅಪ್ಪ. ಆ ದೃಶ್ಯ ನೋಡಿ ನನಗೆ ತುಂಬಾ ಹೊತ್ತು ಏನೂ ಮಾಡಲಾಗಲಿಲ್ಲ.

ಬೆಟ್ಟ ಉಳಿಸುವವರ ಬಗ್ಗೆ ನೀವು ಕೇಳಿಲ್ಲ, ಆದರೂ ಬರೆಯುತ್ತೇನೆ, ಯಾಕಂದರೆ ಹತ್ತುವವರು ಅದನ್ನು ಮರೆತರೆ ಹತ್ತಲು ಬೆಟ್ಟವೇ ಇರುವುದಿಲ್ಲ. ಉತ್ತರಾಖಂಡದ ನಂದಾದೇವಿ ಶಿಖರದ ಒಳಕಣಿವೆಯನ್ನು 1974ರಲ್ಲಿ ಆರೋಹಿಗಳಿಗೆ ತೆರೆದರು. ಹತ್ತೇ ವರ್ಷದೊಳಗೆ ಕಸ, ಮರ ಕಡಿಯುವುದು ಎಷ್ಟಾಯಿತೆಂದರೆ ಮತ್ತೆ ಮುಚ್ಚಬೇಕಾಯಿತು. ಅದೇ 1974ರ ಮಾರ್ಚ್‌ನಲ್ಲಿ, ಅದೇ ಕಣಿವೆಯ ಬಾಗಿಲಲ್ಲಿರುವ ರೇಣಿ ಊರಿನಲ್ಲಿ, ಗೌರಾದೇವಿ ಮತ್ತು ಊರಿನ ಹೆಂಗಸರು ಮರ ತಬ್ಬಿ ನಿಂತಿದ್ದರು. ಚಿಪ್ಕೋ ಎಂಬ ಆ ಮರ ಉಳಿಸುವ ಚಳವಳಿಯ ಕೆಲಸಕ್ಕೆ ಚಂಡಿಪ್ರಸಾದ್ ಭಟ್ಟರಿಗೆ 1982ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, ಸುಂದರಲಾಲ್ ಬಹುಗುಣರಿಗೆ 2009ರಲ್ಲಿ ಪದ್ಮವಿಭೂಷಣ ಬಂತು. ಅದರ ಗಾಳಿ ನಮ್ಮ ಶಿರಸಿಗೂ ಬಂದು 1983ರಲ್ಲಿ ಅಪ್ಪಿಕೋ ಚಳವಳಿ ಆಯಿತು. ಅಂತರರಾಷ್ಟ್ರೀಯ ಪರ್ವತಾರೋಹಣ ಒಕ್ಕೂಟವೂ 2013ರಿಂದ ಬೆಟ್ಟ ಕಾಪಾಡುವ ಕೆಲಸಕ್ಕೆ ಬೇರೆಯೇ ಪ್ರಶಸ್ತಿ ಕೊಡುತ್ತಿದೆ. ಹಿಲರಿಯವರನ್ನು ನೇಪಾಳದ ಕುಂಬು ಕಣಿವೆಯ ಶೆರ್ಪಾಗಳು ಇವತ್ತಿಗೂ ನೆನೆಯುವುದು ಎವರೆಸ್ಟ್‌ಗಿಂತ ಅವರು ಕಟ್ಟಿಸಿದ ಶಾಲೆ, ಆಸ್ಪತ್ರೆಗಳಿಗೆ.

ನಮ್ಮಲ್ಲೂ ನೋಡಿ, ರಾಮನಗರದ ರಾಮದೇವರ ಬೆಟ್ಟದಲ್ಲಿ ರಣಹದ್ದು ಗೂಡು ಕಟ್ಟುತ್ತದೆ, 2012ರಲ್ಲಿ ಅದು ರಣಹದ್ದು ಧಾಮವಾಯಿತು. ಮೊದಲೆಲ್ಲ ನಾವು ಹಗ್ಗ ಕಟ್ಟುತ್ತಿದ್ದ ಕಡೆ ಈಗ ಹತ್ತುವ ಹಾಗಿಲ್ಲ. ಒಳ್ಳೆಯ ಬಂಡೆ, ಬಿಡಲು ಮನಸ್ಸು ಬರುತ್ತಿರಲಿಲ್ಲ. ಬಿಟ್ಟೆವು. ಹದ್ದಿಗೆ ಆ ಬಂಡೆ ಬಿಟ್ಟರೆ ಬೇರೆ ಮನೆ ಇಲ್ಲ, ನಮಗೆ ಸಾವನದುರ್ಗ, ಬಾದಾಮಿ ಇದೆ.

ಈಗ ನಿಮ್ಮ ತಂಗಿ ಮಾಡಬೇಕಾದ್ದು. ಆ ಆರೋಹಣದ ವರದಿ ಬರೆದಿಡಲಿ: ಯಾವ ದಿನ, ಎಷ್ಟು ಹೊತ್ತಿಗೆ, ಎಷ್ಟು ಎತ್ತರದಲ್ಲಿ ತಿರುಗಿದರು, ಲಕ್ಷಣಗಳು ಏನಿದ್ದವು, ಇಳಿಸಲು ಎಷ್ಟು ಸಮಯ ಹಿಡಿಯಿತು. ತಂಡದ ನಾಯಕರ ಸಹಿ ಇರಲಿ. ಒಂದು ಪ್ರತಿ ಕೋರ್ಸ್ ಮಾಡಿದ ಸಂಸ್ಥೆಗೆ, ಇನ್ನೊಂದು ದೆಹಲಿಯ ಇಂಡಿಯನ್ ಮೌಂಟನೀರಿಂಗ್ ಫೌಂಡೇಶನ್‌ಗೆ ಕಳಿಸಲಿ. ಮುಂದೆ ದೊಡ್ಡ ಶಿಖರಗಳಿಗೆ ತಂಡ ಆರಿಸುವಾಗ ಹಳೆಯ ಆರೋಹಿಗಳು ಮೊದಲು ಕೇಳುವುದು ಇವಳ ಜೊತೆ ಹಗ್ಗ ಕಟ್ಟಬಹುದಾ ಅಂತ. ಆ ವರದಿ ಅದಕ್ಕೆ ಉತ್ತರ ಹೇಳುತ್ತದೆ. ತೇನ್ಸಿಂಗ್ ಪ್ರಶಸ್ತಿಗೆ ಕೇಂದ್ರ ಸರ್ಕಾರದ ಪ್ರಶಸ್ತಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಅದಕ್ಕೆ ಇನ್ನೂ ಕೆಲವು ಆರೋಹಣ ಬೇಕಾಗುತ್ತದೆ, ಅವಸರ ಬೇಡ.

ಅಂದಹಾಗೆ, ಆ ಜೊತೆಗಿದ್ದ ಹುಡುಗಿ ಈಗ ಹುಷಾರಾಗಿದ್ದಾಳಾ? ಅದನ್ನು ನೀವು ಬರೆದಿಲ್ಲ.